ಗಣಿತಜ್ಞ ಅಲನ್ ಟ್ಯೂರಿಂಗರ ಚರಿತ್ರೆ

ಧಾರವಾಡದ ಕರ್ನಾಟಕ ಕಾಲೇಜಿನ ಹಳೆಯ ಕಟ್ಟಡವನ್ನು ನೋಡದವರು ನಮ್ಮಲ್ಲಿ ವಿರಳ. ಅದು ಮೊದಲು ಕಾಲೇಜಿಗೆಂದು ಕಟ್ಟಿದ್ದಲ್ಲ. ಸದರ್ನ್ ಮರಾಠಾ ರೇಲ್ವೆಯ ಮುಖ್ಯ ಕಚೇರಿಯು ಅಲ್ಲಿತ್ತು. ೧೯೦೮ ರಲ್ಲಿ ಈ ರೇಲ್ವೆಯು ಮದ್ರಾಸ ರೇಲ್ವೆಯೊಡನೆ ಕೂಡಿ ಒಂದಾಯಿತು. ಆ ಮದ್ರಾಸ ರೇಲ್ವೆಯಲ್ಲಿ ಹಿಂದೆ ಮುಖ್ಯ ಇಂಜಿನಿಯರರಾಗಿದ್ದವರು ಎಡ್ವರ್ಡ್ ವಾಲರ್ ಸ್ಟೋನಿ ಎಂಬ ಐರಿಶ್ ಗೃಹಸ್ಥರು. ನಮ್ಮ ತುಂಗಭದ್ರೆಗೆ ಆ ರೇಲ್ವೆಯವರು ಹಾಕಿದ ಸೇತುವೆಯ ಕೆಲಸದಲ್ಲಿ ಇವರ ಪಾಲಿತ್ತು. ಸಪ್ಪಳವಿಲ್ಲದೆ ತಿರುಗುವ ಪಂಖಾದ ಗಾಲಿಯೊಂದನ್ನೂ ಇವರು ಕಲ್ಪಿಸಿದ್ದರು. ಇವರ ಮಗಳಾದ ಈಥೆಲ್ ಸಾರಾ ೧೮೮೧ ರಲ್ಲಿ ಕೊಯಿಮತ್ತೂರ ಬಳಿಯ ಪೋದನೂರಿನಲ್ಲಿ ಹುಟ್ಟಿದಳು. ಈ ಸಾರಾಬಾಯಿಯೇ ನಮ್ಮ ಚರಿತ್ರನಾಯಕರ ತಾಯಿ.

ತಂದೆ ಜೂಲಿಯಸ್ ಟ್ಯೂರಿಂಗರು ಪಾದ್ರಿಗಳೊಬ್ಬರ ಮಗ. ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ೧೮೯೬ ರಲ್ಲಿ ಹಿಂದುಸ್ಥಾನಕ್ಕೆ ಬಂದರು. ಬಳ್ಳಾರಿ, ಕರ್ನೂಲ, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಅವರು ಹತ್ತು ವರ್ಷ ತಿರುಗಾಡಿದರು. ಬೆಳೆಯ ಸ್ಥಿತಿ, ನೀರಾವರಿ, ಊರಿನ ಶುಚಿತ್ವ, ದೇವಿ ಹಾಕಿಸುವದು, ಲೆಕ್ಕಪತ್ರಗಳ ತಪಾಸಣೆ, ಇವೇ ಅವರ ದಿನದ ಕೆಲಸಗಳು. ೧೯೦೭ ರಲ್ಲಿ ರಜೆಯ ಮೇಲೆ ಹೊರಟಾಗ ಹಡಗಿನಲ್ಲಿ ಸಾರಾಬಾಯಿಯ ಪರಿಚಯವಾಗಿ ಅದೇ ವರುಷ ಡಬ್ಲಿನ್ ಪಟ್ಟಣದಲ್ಲಿ ಲಗ್ನವಾಯಿತು. ಹಿರಿಯ ಮಗ ಜಾನನು ಕೂನೂರಿನಲ್ಲಿ ಜನಿಸಿದನು. ಎರಡನೆಯವನಾದ ಅಲನನು ದಂಪತಿಗಳು ಸ್ವದೇಶಕ್ಕೆ ಹೋಗಿದ್ದಾಗ ೧೯೧೨ ನೇ ಇಸವಿ ಜೂನ್ ೨೩ ನೇ ತಾರೀಖಿಗೆ ಲಂಡನ್ ಪಟ್ಟಣದಲ್ಲಿ ಹುಟ್ಟಿದನು.

ಆ ಕಾಲದ ಆಂಗ್ಲ ಅಧಿಕಾರಿಗಳು ಇಲ್ಲಿಯ ಬಿಸಿಲಿಗೂ ರೋಗಗಳಿಗೂ ಅಂಜಿ ಮಕ್ಕಳನ್ನು ಸ್ವದೇಶದಲ್ಲಿಯೇ ಬಿಟ್ಟು ಬರುತ್ತಿದ್ದರು. ಅಲನನೂ ಅಣ್ಣನೊಡನೆ ಒಬ್ಬ ನಿವೃತ್ತ ಕರ್ನಲರ ಮನೆಯಲ್ಲಿ ಬೆಳೆದನು. ತಾಯಿಯು ತಾನೂ ಚಿಕ್ಕಂದಿನಲ್ಲಿ ಹೀಗೆಯೇ ಐರ್ಲಂಡದ ಬಂಧುಗಳ ಮನೆಯಲ್ಲಿ ಬೆಳೆದವಳು. ಆ ಏಕಾಂತವು ಎಂಥದೆಂಬದನ್ನು ಆಕೆ ಬಲ್ಲಳು, ಆದರೂ ಬಿಟ್ಟು ಬರಬೇಕಾಯಿತು. ಸಾಮ್ರಾಜ್ಯದ ದರ್ಪವನ್ನು ವರ್ಣಿಸುವವರು ಅದರ ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವದಿಲ್ಲ. ಮುಂದೆ ಪ್ರಸಿದ್ಧಿಗೆ ಬಂದ ಟ್ಯೂರಿಂಗರು ಮೈಗೆ ಸಡಿಲಾದ ಉಡುಪು ತೊಟ್ಟು, ಮಾತಿನಲ್ಲಿ ತಡವರಿಸುತ್ತ, ಜನರ ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಇದ್ದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

೧೯೨೬ ರಲ್ಲಿ ಅವನನ್ನು ಶೆರ್ಬರ್ನ್ ಶಾಲೆಗೆ ಸೇರಿಸಿದರು. ಶಾಲೆ ತೆರೆಯುವ ದಿನವೇ ದೇಶದಲ್ಲೆಲ್ಲ ದೊಡ್ಡ ಮುಷ್ಕರವು ನಡೆದು ಉಗಿಬಂಡಿಗಳು ನಿಂತವು. ಹದಿಮೂರು ವರ್ಷದ ಹುಡುಗನು ಸೈಕಲ್ಲನ್ನೇರಿ, ದಾರಿಯಲ್ಲಿ ಒಂದು ರಾತ್ರಿ ವಸತಿ ಮಾಡಿ, ಅರವತ್ತು ಮೈಲು ತುಳಿದು ಶಾಲೆಯನ್ನು ಸೇರಿದನು. ಅಲ್ಲಿಯ ಉಪಾಧ್ಯಾಯರಿಗೆ ಲ್ಯಾಟಿನ್ನಿನಲ್ಲಿ ಇದ್ದ ಆದರವು ಗಣಿತದಲ್ಲಿ ಇರಲಿಲ್ಲ. ಹುಡುಗನ ಅಕ್ಷರ ಕೆಟ್ಟದ್ದು, ಶಾಯಿಯ ಕಲೆ ಬಹಳ. ಅವನನ್ನು ಅರಿತವನು ಒಬ್ಬನೇ. ಕ್ರಿಸ್ತೋಫರ್ ಮೋರ್ಕಮ್ ಎಂಬ ಆ ಸಹಪಾಠಿಯು ಗಣಿತದಲ್ಲಿಯೂ ನಕ್ಷತ್ರಗಳ ವೀಕ್ಷಣೆಯಲ್ಲಿಯೂ ಅವನಿಗೆ ಸರಿಜೋಡಿಯಾಗಿದ್ದನು. ೧೯೩೦ ರ ಫೆಬ್ರುವರಿಯಲ್ಲಿ ಮೋರ್ಕಮನು ಕ್ಷಯರೋಗದಿಂದ ತೀರಿಕೊಂಡನು. ಅಲನನು ಆ ಮಿತ್ರನ ತಾಯಿಗೆ ವರುಷಗಟ್ಟಲೆ ಪತ್ರ ಬರೆಯುತ್ತಿದ್ದನು. ದೇಹವು ಅಳಿದ ಮೇಲೆ ಆತ್ಮವು ಎಲ್ಲಿರುವದೆಂಬ ವಿಚಾರವು ಅವುಗಳಲ್ಲಿ ಬರುತ್ತಿತ್ತು. ಮುಂದೆ ಅವರಲ್ಲಿ ದೇವರ ವಿಷಯದ ನಂಬಿಕೆಯು ಉಳಿಯಲಿಲ್ಲ. ಮಿಶನ್ ಶಾಲೆಯ ಸಂಚಿಕೆಯಲ್ಲಿ ಇದನ್ನು ಮುಚ್ಚಿ ಬರೆಯುವದು ಯುಕ್ತವಲ್ಲ.

ಕೇಂಬ್ರಿಜ್ ವಿದ್ಯಾಪೀಠದಲ್ಲಿ ಓದಿ, ೨೨ ನೇ ವಯಸ್ಸಿಗೇ ಕಿಂಗ್ಸ್ ಕಾಲೇಜಿನ ಫೆಲೋ ಆದ ಟ್ಯೂರಿಂಗರು ೧೯೩೬ ರಲ್ಲಿ ಬರೆದ ಒಂದು ಪ್ರಬಂಧವೇ ಇಂದಿನ ಗಣಕಯಂತ್ರಗಳಿಗೆಲ್ಲ ಬೀಜ. ಗಣಿತದ ಒಂದು ವಾಕ್ಯವು ಸಾಧ್ಯವೋ ಅಸಾಧ್ಯವೋ ಎಂಬದನ್ನು ಬುದ್ಧಿಯ ಚಮತ್ಕಾರವಿಲ್ಲದೆ, ಗೊತ್ತಾದ ಕ್ರಮದಿಂದಲೇ ತಿಳಿಯಬಹುದೋ ಎಂದು ಜರ್ಮನಿಯ ಹಿಲ್ಬರ್ಟ್ ಎಂಬ ಪಂಡಿತರು ಪ್ರಶ್ನೆ ಎತ್ತಿದ್ದರು. ಗೊತ್ತಾದ ಕ್ರಮವೆಂದರೇನು ಎಂಬದನ್ನೇ ಟ್ಯೂರಿಂಗರು ಮೊದಲು ವಿಚಾರಿಸಿದರು.

ನಮ್ಮ ಕಸೂತಿಯನ್ನು ನೆನೆಯೋಣ. ಇಳಕಲ್ ಸೀರೆಯ ಮೇಲೆ ಗೋಪುರವನ್ನೋ ತೇರನ್ನೋ ತೆಗೆಯುವಾಗ ನಮ್ಮ ಅಜ್ಜಿಯರು ಚಿತ್ರವನ್ನು ಬಟ್ಟೆಯ ಮೇಲೆ ಬರೆದುಕೊಳ್ಳುವದಿಲ್ಲ; ಎಳೆ ಎಣಿಸುತ್ತಾರೆ. ಗವಂತಿಯಲ್ಲಿ ಇಷ್ಟು ಎಳೆ ಹಿಡಿದು ಇಷ್ಟು ಎಳೆ ಬಿಟ್ಟು ಹೋಗುವದು, ಬಿಟ್ಟ ತೆರಪನ್ನು ಮರಳಿ ಬರುವಾಗ ತುಂಬುವದು. ಈ ಎಣಿಕೆಯನ್ನು ಹೇಳಿಕೊಟ್ಟರೆ ಮುಂದೆ ಮೂಡುವದು ಗೋಪುರವೋ ಆನೆಯೋ ಎಂಬದನ್ನರಿಯದ ಹುಡುಗಿಯೂ ತಪ್ಪದೆ ಹಾಕಬಲ್ಲಳು. ಟ್ಯೂರಿಂಗರ ಯಂತ್ರವು ಇಂಥ ಹುಡುಗಿಯೇ. ಅದರ ಮುಂದೆ ಚೌಕಳಿ ಗೆರೆಗಳ ಒಂದು ಉದ್ದನೆಯ ಪಟ್ಟಿ. ಒಂದು ಸಲಕ್ಕೆ ಒಂದೇ ಮನೆಯನ್ನು ಅದು ನೋಡುವದು. ಅಲ್ಲಿಯ ಗುರುತನ್ನು ಓದಿ, ಅಳಿಸಿ ಅಥವಾ ಬರೆದು, ಒಂದು ಮನೆ ಎಡಕ್ಕೋ ಬಲಕ್ಕೋ ಸರಿಯುವದು. ಮನುಷ್ಯನು ಕಾಗದದ ಮೇಲೆ ಮಾಡುವ ಯಾವ ಲೆಕ್ಕವನ್ನಾದರೂ ಇಷ್ಟರಿಂದಲೇ ಮಾಡಬಹುದೆಂದು ಅವರು ತೋರಿಸಿದರು. ಕಂಪ್ಯೂಟರ್ ಎಂಬ ಶಬ್ದವು ಆಗ ಯಂತ್ರಕ್ಕಲ್ಲ, ಕಚೇರಿಯಲ್ಲಿ ಕುಳಿತು ಲೆಕ್ಕ ಮಾಡುವವರಿಗೆ ಸಲ್ಲುತ್ತಿತ್ತು. ಅವರಲ್ಲಿ ಹೆಂಗಸರು ಅನೇಕರು.

ಇದಕ್ಕಿಂತ ಮೇಲಾದ ಮಾತು ಮುಂದಿನದು. ಒಂದು ಯಂತ್ರದ ನಡೆಯನ್ನೇ ಗುರುತುಗಳಲ್ಲಿ ಬರೆದು ಪಟ್ಟಿಯ ಮೇಲಿಟ್ಟರೆ, ಅದನ್ನು ಓದಿಕೊಂಡು ಅದರಂತೆಯೇ ನಡೆಯುವ ಇನ್ನೊಂದು ಯಂತ್ರವು ಸಾಧ್ಯ. ಆಗ ಕೆಲಸಕ್ಕೊಂದು ಯಂತ್ರ ಬೇಡ. ಯಂತ್ರವು ಒಂದೇ, ಬರಹವನ್ನು ಬದಲಿಸಿದರೆ ಸಾಕು. ಇಂದು ನಮ್ಮ ಕೈಯಲ್ಲಿರುವ ಮೊಬೈಲು ಪತ್ರವನ್ನು ಒಯ್ಯುವದೂ ಹಾಡುವದೂ ದಾರಿ ತೋರುವದೂ ಈ ತತ್ವದಿಂದಲೇ. ಒಂದು ಯಂತ್ರವು ಇಂಥ ಗುರುತನ್ನು ಎಂದಾದರೂ ಬರೆಯುವದೋ ಇಲ್ಲವೋ ಎಂಬದನ್ನು ಎಲ್ಲ ಯಂತ್ರಗಳ ವಿಷಯದಲ್ಲಿಯೂ ಮುಂಚಿತವಾಗಿ ಹೇಳಬಲ್ಲ ಕ್ರಮವು ಯಾವದೂ ಇಲ್ಲವೆಂದು ಅದೇ ಪ್ರಬಂಧದಲ್ಲಿ ಸಾಧಿಸಿ, ಹಿಲ್ಬರ್ಟರ ಪ್ರಶ್ನೆಗೆ ಇಲ್ಲವೆಂಬ ಉತ್ತರವನ್ನು ಕೊಟ್ಟರು. ಅಮೇರಿಕೆಯ ಚರ್ಚ್ ಎಂಬ ಗಣಿತಜ್ಞರು ಸ್ವಲ್ಪ ಮುಂಚೆ ಬೇರೆ ದಾರಿಯಿಂದ ಅದೇ ಉತ್ತರವನ್ನು ಮುಟ್ಟಿದ್ದರು. ಟ್ಯೂರಿಂಗರು ಅವರ ಬಳಿಯೇ ಎರಡು ವರುಷ ಅಭ್ಯಾಸ ಮಾಡಿ ೧೯೩೮ ರಲ್ಲಿ ಡಾಕ್ಟರ್ ಪದವಿ ಪಡೆದರು.

೧೯೩೯ ರಲ್ಲಿ ಯುದ್ಧವು ಸಾರಿದ ಮರುದಿನ, ಸೆಪ್ಟೆಂಬರ ೪ ನೇ ತಾರೀಖಿಗೆ, ಅವರು ಬ್ಲೆಚ್ಲಿ ಪಾರ್ಕ್ ಎಂಬಲ್ಲಿಯ ಸರಕಾರದ ಗುಪ್ತ ಕಚೇರಿಗೆ ಹಾಜರಾದರು. ಜರ್ಮನರು ತಮ್ಮ ಸೈನ್ಯದ ವಾರ್ತೆಗಳನ್ನು ಎನಿಗ್ಮಾ ಎಂಬ ಯಂತ್ರದಿಂದ ಗೂಢಲಿಪಿಗೆ ತಿರುಗಿಸಿ ನಿಸ್ತಂತುವಿನಿಂದ ಕಳಿಸುತ್ತಿದ್ದರು. ಐದು ಚಕ್ರಗಳಲ್ಲಿ ಮೂರನ್ನು ಆರಿಸಿ ಜೋಡಿಸುವದು, ಪ್ರತಿಯೊಂದನ್ನೂ ೨೬ ಸ್ಥಾನಗಳಲ್ಲಿ ಒಂದರಲ್ಲಿ ನಿಲ್ಲಿಸುವದು, ಮೇಲೆ ಹತ್ತು ಜೊತೆ ಅಕ್ಷರಗಳನ್ನು ತಂತಿಯಿಂದ ಅದಲುಬದಲು ಮಾಡುವದು, ಹೀಗೆ ಹೊಂದಿಸುವ ರೀತಿಗಳ ಒಟ್ಟು ಸಂಖ್ಯೆ ೧೫೮,೯೬೨,೫೫೫,೨೧೭,೮೨೬,೩೬೦,೦೦೦. ಹೊಂದಿಕೆಯು ದಿನಕ್ಕೊಮ್ಮೆ ಬದಲಾಗುವದು. ಒಂದೊಂದನ್ನಾಗಿ ಪರೀಕ್ಷಿಸುವವರಿಗೆ ಯುಗಗಳೂ ಸಾಲವು.

ಪೋಲಂಡದ ಗಣಿತಜ್ಞರಾದ ರೆಯೆವ್ಸ್ಕಿ ಮೊದಲಾದವರು ೧೯೩೨ ರಲ್ಲಿಯೇ ಈ ಯಂತ್ರದ ಮರ್ಮವನ್ನು ಭೇದಿಸಿ, ೧೯೩೯ ರ ಜುಲೈಯಲ್ಲಿ ಆ ವಿದ್ಯೆಯನ್ನು ಆಂಗ್ಲರಿಗೂ ಫ್ರೆಂಚರಿಗೂ ಒಪ್ಪಿಸಿದ್ದರು. ಇದನ್ನು ಹೇಳದೆ ಟ್ಯೂರಿಂಗರನ್ನು ಹೊಗಳುವದು ಅನ್ಯಾಯ. ಟ್ಯೂರಿಂಗರ ಉಪಾಯವು ಬೇರೆ. ನಮ್ಮ ಭೂಮಿತಿಯ ತರಗತಿಯಲ್ಲಿ, ಸುಳ್ಳನ್ನು ನಿಜವೆಂದು ಗ್ರಹಿಸಿ ಕಡೆಗೆ ವಿರೋಧಕ್ಕೆ ಮುಟ್ಟಿಸುವ ರೀತಿಯೊಂದನ್ನು ಕಲಿಯುತ್ತೇವಷ್ಟೆ. ಅದನ್ನೇ ಅವರು ಕಬ್ಬಿಣದಲ್ಲಿಯೂ ತಂತಿಯಲ್ಲಿಯೂ ಇಳಿಸಿದರು. ವಾರ್ತೆಯಲ್ಲಿ ಹವೆಯ ವಿಷಯದ ಒಂದು ಪದವು ಇರಲೇಬೇಕೆಂದು ಊಹಿಸುವದು. ಎನಿಗ್ಮಾದಲ್ಲಿ ಯಾವ ಅಕ್ಷರವೂ ತಾನೇ ತಾನಾಗಿ ಬರುವದಿಲ್ಲವಾದ್ದರಿಂದ ಆ ಪದವು ಕೂಡುವ ಸ್ಥಳವನ್ನು ಗೊತ್ತುಮಾಡುವದು. ಬಳಿಕ ಒಂದು ಹೊಂದಿಕೆಯನ್ನು ಹಿಡಿದು ನಡೆದು, ವಿರೋಧ ಬಂದೊಡನೆ ಅದನ್ನೂ ಅದರ ಸಂಗಡದ ರಾಶಿಯನ್ನೂ ತಳ್ಳಿಬಿಡುವದು. ಬಾಂಬ್ ಎಂಬ ಹೆಸರಿನ ಈ ದೊಡ್ಡ ಯಂತ್ರದ ಮೊದಲನೆಯದು ೧೯೪೦ ರ ಮಾರ್ಚಿಯಲ್ಲಿ ಬಂದಿತು. ವೆಲ್ಚ್‌ಮನ್ ಎಂಬ ಸಹೋದ್ಯೋಗಿಯ ತಿದ್ದುಪಡಿಯಿಂದ ಅದರ ವೇಗವು ಬಹಳ ಹೆಚ್ಚಿತು. ಯುದ್ಧದ ಕೊನೆಗೆ ಇಂಥವು ಇನ್ನೂರಕ್ಕೂ ಮೇಲ್ಪಟ್ಟು ಇದ್ದವು. ಅವುಗಳನ್ನು ನಡೆಸುವವರು ಬಹುತೇಕ ನೌಕಾದಳದ ತರುಣಿಯರು.

ಆ ಕಚೇರಿಯ ಸುಮಾರು ಒಂಬತ್ತು ಸಾವಿರ ಜನರಲ್ಲಿ ಮುಕ್ಕಾಲು ಪಾಲು ಸ್ತ್ರೀಯರೇ. ಅವರಲ್ಲಿ ಜೋನ್ ಕ್ಲಾರ್ಕ್ ಎಂಬಾಕೆ ಪಾದ್ರಿಗಳ ಮಗಳು. ಕೇಂಬ್ರಿಜಿನಲ್ಲಿ ಗಣಿತದ ಪ್ರಥಮ ದರ್ಜೆಯನ್ನು ಪಡೆದರೂ ಪೂರ್ಣ ಪದವಿ ದೊರೆಯಲಿಲ್ಲ. ಆ ವಿದ್ಯಾಪೀಠವು ಹೆಂಗಸರಿಗೆ ಅದನ್ನು ಕೊಟ್ಟದ್ದು ೧೯೪೮ ರಲ್ಲಿ. ಸಂಬಳ ಹೆಚ್ಚಿಸಲು ಗಣಿತಜ್ಞೆಗೆ ತಕ್ಕ ಹುದ್ದೆಯು ಇಲ್ಲದ್ದರಿಂದ ಆಕೆಯನ್ನು ಭಾಷಾಪಂಡಿತೆಯೆಂದು ಬರೆದುಕೊಂಡರು. ಬಲ್ಲ ಭಾಷೆಗಳ ಅಂಕಣದಲ್ಲಿ ಯಾವದೂ ಇಲ್ಲವೆಂದು ಬರೆಯುವದು ಆಕೆಗೆ ನಗೆಯ ವಿಷಯವಾಗಿತ್ತು. ಟ್ಯೂರಿಂಗರು ಮುಖ್ಯಸ್ಥರಾಗಿದ್ದ ಎಂಟನೆಯ ಗುಡಿಸಲಿನಲ್ಲಿ ಜರ್ಮನ್ ನೌಕಾದಳದ ವಾರ್ತೆಗಳನ್ನು ಒಡೆಯುವವರಲ್ಲಿ ಆಕೆ ಅಗ್ರಗಣ್ಯಳು. ೧೯೪೪ ರಲ್ಲಿ ಆ ಗುಡಿಸಲಿನ ಉಪಮುಖ್ಯಸ್ಥೆಯಾದಳು. ಸಮುದ್ರದೊಳಗಿನ ಹಡಗುಗಳು ಇಂಗ್ಲಂಡದ ಅನ್ನವನ್ನೇ ಮುಳುಗಿಸುತ್ತಿದ್ದ ಕಾಲವದು. ೧೯೪೧ ರಲ್ಲಿ ಟ್ಯೂರಿಂಗರಿಗೂ ಜೋನಳಿಗೂ ವಿವಾಹದ ನಿಶ್ಚಯವಾಯಿತು. ತಮ್ಮ ಮನಸ್ಸು ಪುರುಷರ ಕಡೆಗೆ ಒಲಿಯುವದೆಂದು ಟ್ಯೂರಿಂಗರು ಆಕೆಗೆ ಮುಚ್ಚದೆ ತಿಳಿಸಿದರು; ಕೆಲವು ತಿಂಗಳ ಮೇಲೆ ನಿಶ್ಚಯವನ್ನು ತಾವೇ ಬಿಟ್ಟರು. ಸ್ನೇಹವು ಉಳಿಯಿತು.

ಅವರ ವಿಚಿತ್ರ ನಡತೆಯ ಕಥೆಗಳು ಬಹಳ. ಹೂವಿನ ಪರಾಗಕ್ಕೆ ಸೀನು ಬರುವದೆಂದು ವಿಷವಾಯುವಿನ ಮುಖವಾಡ ಧರಿಸಿ ಸೈಕಲ್ ಹೊಡೆಯುವದು. ಚಹದ ಬಟ್ಟಲನ್ನು ಸರಪಳಿಯಿಂದ ಬಿಗಿದಿಡುವದು. ಬೆಳ್ಳಿಯ ಗಟ್ಟಿಗಳನ್ನು ಅಡವಿಯಲ್ಲಿ ಹೂಳಿ ಮುಂದೆ ಸ್ಥಳ ಮರೆಯುವದು. ಆದರೆ ಕಾರ್ಯದ ಸಮಯಕ್ಕೆ ಅವರು ಮರೆಗುಳಿಯಲ್ಲ. ೧೯೪೧ ರ ಅಕ್ಟೋಬರಿನಲ್ಲಿ ಗುಮಾಸ್ತರೂ ಬೆರಳಚ್ಚುಗಾರರೂ ಸಾಲದೆ ಕೆಲಸ ನಿಂತಾಗ, ಮೂವರು ಸಹೋದ್ಯೋಗಿಗಳೊಡನೆ ಮೇಲಧಿಕಾರಿಗಳನ್ನು ದಾಟಿ ಪ್ರಧಾನಿ ಚರ್ಚಿಲ್ಲರಿಗೇ ಪತ್ರ ಬರೆದರು, ಬೇಡಿದ್ದೆಲ್ಲ ದೊರೆಯಿತು.

ಯುದ್ಧಾನಂತರ ಅವರು ಗಣಕಯಂತ್ರವನ್ನು ನಿಜವಾಗಿಯೂ ಕಟ್ಟುವ ಯೋಜನೆಯನ್ನು ಬರೆದರು. ೧೯೪೮ ರಿಂದ ಮ್ಯಾಂಚೆಸ್ಟರ್ ವಿದ್ಯಾಪೀಠದಲ್ಲಿದ್ದರು. ಯಂತ್ರವು ವಿಚಾರ ಮಾಡಬಲ್ಲುದೇ ಎಂಬ ಲೇಖವನ್ನು ೧೯೫೦ ರಲ್ಲಿ ಪ್ರಕಟಿಸಿದರು. ೧೯೫೧ ರಲ್ಲಿ ರಾಯಲ್ ಸೊಸಾಯಿಟಿಯ ಸದಸ್ಯರಾದರು. ಪ್ರಾಣಿಗಳ ಮೈಮೇಲಿನ ಚುಕ್ಕೆ ಪಟ್ಟೆಗಳು ಹೇಗೆ ಹುಟ್ಟುವವೆಂಬದರ ಗಣಿತವನ್ನೂ ಬರೆದರು. ಸರಕಾರದ ಗೂಢಲಿಪಿಯ ಕಚೇರಿಯು ಇನ್ನೂ ಅವರ ಸಲಹೆಯನ್ನು ಪಡೆಯುತ್ತಿತ್ತು.

೧೯೫೨ ರಲ್ಲಿ ಅವರ ಮನೆಯಲ್ಲಿ ಕಳುವಾಯಿತು. ತಾವೇ ಪೋಲೀಸರಿಗೆ ತಿಳಿಸಿದರು. ವಿಚಾರಣೆಯಲ್ಲಿ ಕಳ್ಳತನದ ಮಾತು ಹಿಂದೆ ಬಿದ್ದು, ಒಬ್ಬ ತರುಣನೊಡನೆ ಅವರಿಗಿದ್ದ ಸಂಬಂಧವು ಮುಂದೆ ಬಂದಿತು. ಅವರು ಸುಳ್ಳಾಡಲಿಲ್ಲ. ಪುರುಷರ ನಡುವಣ ಇಂಥ ಸಂಬಂಧವು ೧೮೮೫ ರ ಕಾಯಿದೆಯ ಪ್ರಕಾರ ಅಲ್ಲಿ ಅಪರಾಧವಾಗಿತ್ತು. ಸೆರೆಮನೆಗೆ ಬದಲಾಗಿ ಒಂದು ವರುಷ ಸ್ತ್ರೀಯರ ಹಾರ್ಮೋನಿನ ಔಷಧವನ್ನು ತೆಗೆದುಕೊಳ್ಳುವ ಶಿಕ್ಷೆಗೆ ಒಪ್ಪಬೇಕಾಯಿತು. ಅದರಿಂದ ಅವರ ದೇಹವು ವಿಕಾರವಾಯಿತು. ಗುಪ್ತ ಕಾರ್ಯದ ಬಾಗಿಲು ಮುಚ್ಚಿತು. ೧೯೫೩ ರಲ್ಲಿ ನಾರ್ವೆಯ ಪರಿಚಿತನೊಬ್ಬನು ಕಾಣಲು ಬರುತ್ತಾನೆಂದಾಗ ಉತ್ತರ ಇಂಗ್ಲಂಡದ ಪೋಲೀಸರು ಅವನನ್ನು ಹುಡುಕುತ್ತ ಅಲೆದರು. ವೈರಿಯ ಮಾತನ್ನು ಕದ್ದು ಕೇಳುವ ವಿದ್ಯೆಯನ್ನು ಸರಕಾರಕ್ಕೆ ಕಲಿಸಿದವರ ಮೇಲೆಯೇ ಸರಕಾರದ ಪಾಳತಿಯು ಬಂದಿತು.

ಅದೇ ೧೮೮೫ ರಲ್ಲಿ ನಮ್ಮ ದೇಶದಲ್ಲಿ ತಂತಿಯ ಕಾಯಿದೆಯಾಗಿ, ಆಪತ್ಕಾಲದಲ್ಲಿ ಪ್ರಜೆಗಳ ವಾರ್ತೆಗಳನ್ನು ತಡೆದು ಓದುವ ಅಧಿಕಾರವು ಸರಕಾರಕ್ಕೆ ದೊರೆಯಿತು. ೨೦೨೩ ರ ದೂರಸಂಪರ್ಕ ಕಾಯಿದೆಯಲ್ಲಿಯೂ ಆ ಅಧಿಕಾರವು ಉಳಿದಿದೆ. ಟ್ಯೂರಿಂಗರನ್ನು ದಂಡಿಸಿದಂಥ ಕಾಯಿದೆಯು ೧೮೬೦ ರ ದಂಡಸಂಹಿತೆಯ ೩೭೭ ನೇ ಕಲಮಾಗಿ ನಮ್ಮಲ್ಲಿಯೂ ಇತ್ತು. ಈ ಎರಡೂ ವಿಷಯಗಳು ಕೂಡುವ ಸ್ಥಳದಲ್ಲಿ ಕನ್ನಡನಾಡಿನವರೊಬ್ಬರ ಹೆಸರು ಬರುವದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ ರಲ್ಲಿ ಸುಪ್ರೀಮ್ ಕೋರ್ಟಿಗೆ ಹೋದರು. ೨೦೧೭ ರ ಆಗಸ್ಟ್ ೨೪ ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿ ಬಾಳಿನ ಹಕ್ಕು ಮೂಲಭೂತ ಹಕ್ಕೆಂದು ತೀರ್ಪಿತ್ತರು. ಆ ತೀರ್ಪಿನ ಆಧಾರವನ್ನೂ ಹಿಡಿದು ೨೦೧೮ ರ ಸೆಪ್ಟೆಂಬರ ೬ ರಂದು, ವಯಸ್ಕರು ಒಪ್ಪಿ ನಡೆಯುವ ಸಂಬಂಧಕ್ಕೆ ೩೭೭ ನೇ ಕಲಮು ತಗಲದೆಂದು ನ್ಯಾಯಾಲಯವು ಹೇಳಿತು. ಪುಟ್ಟಸ್ವಾಮಿಯವರು ೨೦೨೪ ರಲ್ಲಿ ತೀರಿಕೊಂಡರು.

ಟ್ಯೂರಿಂಗರು ೧೯೫೪ ನೇ ಇಸವಿ ಜೂನ್ ೭ ನೇ ತಾರೀಖಿಗೆ, ೪೨ ತುಂಬುವದಕ್ಕೆ ಕೆಲವು ದಿನ ಮುಂಚೆ, ತಮ್ಮ ಮನೆಯಲ್ಲಿ ಸೈನೈಡ್ ವಿಷದಿಂದ ಮೃತರಾದರು. ಹಾಸಿಗೆಯ ಬಳಿ ಅರ್ಧ ತಿಂದ ಸೇಬಿನ ಹಣ್ಣು ಇತ್ತು. ಅದನ್ನು ಯಾರೂ ಪರೀಕ್ಷಿಸಲಿಲ್ಲ. ಆತ್ಮಹತ್ಯವೆಂದು ವಿಚಾರಣೆಯು ತೀರ್ಮಾನಿಸಿತು. ಮನೆಯಲ್ಲಿಯೇ ರಸಾಯನ ಪ್ರಯೋಗ ಮಾಡುವ ಮಗನ ಅಜಾಗರೂಕತೆಯಿಂದ ಹೀಗಾಯಿತೆಂದು ತಾಯಿಯು ಕೊನೆಯವರೆಗೂ ನಂಬಿದ್ದಳು. ಬ್ರಿಟಿಶ್ ಪ್ರಧಾನಿಯವರು ಸರಕಾರದ ಪರವಾಗಿ ೨೦೦೯ ರಲ್ಲಿ ಕ್ಷಮೆ ಬೇಡಿದರು. ೨೦೧೩ ರಲ್ಲಿ ರಾಣಿಯ ಕ್ಷಮಾಪತ್ರವು ಬಂದಿತು. ೨೦೨೧ ರಿಂದ ಅಲ್ಲಿಯ ಐವತ್ತು ಪೌಂಡಿನ ನೋಟಿನ ಮೇಲೆ ಅವರ ಮುಖವಿದೆ.

ಸಾರಾಬಾಯಿಯು ಮಗನ ಚರಿತ್ರೆಯನ್ನು ತಾನೇ ಬರೆದು ೧೯೫೯ ರಲ್ಲಿ ಪ್ರಕಟಿಸಿದಳು. ಶಾಲೆಯ ವರದಿಗಳು, ಪತ್ರಗಳು, ಪಂಡಿತರ ಅಭಿಪ್ರಾಯಗಳು ಎಲ್ಲವೂ ಅದರಲ್ಲಿವೆ. ಬ್ಲೆಚ್ಲಿಯಲ್ಲಿ ಅವನು ಏನು ಮಾಡಿದನೆಂಬದು ಮಾತ್ರ ಅದರಲ್ಲಿ ಇಲ್ಲ. ಸರಕಾರದ ಗುಟ್ಟಾದ್ದರಿಂದ ಅದನ್ನು ಯಾರೂ ಹೇಳುವಂತಿರಲಿಲ್ಲ. ಆ ಗುಟ್ಟು ಲೋಕಕ್ಕೆ ತಿಳಿದದ್ದು ೧೯೭೪ ರಲ್ಲಿ. ಸಾರಾಬಾಯಿಯು ೧೯೭೬ ರಲ್ಲಿ ತನ್ನ ೯೪ ನೇ ವಯಸ್ಸಿನಲ್ಲಿ ತೀರಿಕೊಂಡಳು. ಮಗನ ನೂರನೆಯ ವರುಷವಾದ ೨೦೧೨ ರಲ್ಲಿ ಆ ಪುಸ್ತಕವನ್ನು ಕೇಂಬ್ರಿಜಿನವರು ಮರಳಿ ಅಚ್ಚು ಹಾಕಿಸಿ, ಕೂನೂರಿನಲ್ಲಿ ಹುಟ್ಟಿದ ಅಣ್ಣ ಜಾನನು ತಮ್ಮನ ವಿಷಯವಾಗಿ ಬರೆದಿಟ್ಟಿದ್ದ ಒಂದು ಲೇಖವನ್ನು ಕಡೆಯಲ್ಲಿ ಸೇರಿಸಿದರು.