ವಿಜ್ಞಾನ ವಿದುಷಿ ಕಮಲಾ ಸೋಹೋನಿ

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿರುವ ಕದರಮಂಡಲಗಿಯು ಕಾಂತೇಶನ ಗುಡಿಯಿಂದ ಹೆಸರಾದ ಊರು. ಭಕ್ತಶ್ರೇಷ್ಠರಾದ ಕನಕದಾಸರ ಸ್ಮರಣೆಯೂ ಈ ಊರಿನೊಡನೆ ಬೆರೆತುಕೊಂಡಿದೆ. ಇದರ ಸುತ್ತಣ ಸೀಮೆ ಮೆಣಸಿನಕಾಯಿಗೆ ಪ್ರಸಿದ್ಧವಾದುದು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆ. ಆ ಕೆಂಬಣ್ಣಕ್ಕೆ ಕ್ಯಾಪ್ಸಾಂಥಿನ್ ಮೊದಲಾದ ವರ್ಣದ್ರವ್ಯಗಳು ಕಾರಣವೆಂದೂ ಖಾರಕ್ಕೆ ಕ್ಯಾಪ್ಸೈಸಿನ್ ಎಂಬ ವಸ್ತು ಕಾರಣವೆಂದೂ ನಮಗೆ ತಿಳಿಸಿಕೊಟ್ಟುದು ರಸಾಯನಶಾಸ್ತ್ರ. ನಾವು ಉಣ್ಣುವ ಅನ್ನ, ಕುಡಿಯುವ ಹಾಲು, ಒಗ್ಗರಣೆಗೆ ಹಾಕುವ ಮೆಣಸಿನಕಾಯಿ ಇವೆಲ್ಲವೂ ಆ ಶಾಸ್ತ್ರದ ವಿಷಯಗಳೇ. ಈ ಊರಿನ ಹುಡುಗಿಯೊಬ್ಬಳು ರಸಾಯನಶಾಸ್ತ್ರವನ್ನು ಆಯ್ದುಕೊಂಡು ಬಿ.ಎಸ್‌ಸಿ. ಪದವಿಗೆ ಓದಲು ಹೊರಟರೆ ಇಂದು ಯಾರೂ ಅಚ್ಚರಿಪಡುವುದಿಲ್ಲ. ಆಕೆ ಮುಂದೆ ಸಂಶೋಧನೆ ಮಾಡುವೆನೆಂದರೂ ಯಾವ ವಿಶ್ವವಿದ್ಯಾನಿಲಯವೂ ಹೆಣ್ಣೆಂಬ ಕಾರಣದಿಂದ ಆಕೆಯನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಆದರೆ 1933 ರಲ್ಲಿ ಕಾಲ ಹೀಗಿರಲಿಲ್ಲ. ಆ ವರ್ಷ ಇಂತಹ ಒಂದು ಬಾಗಿಲನ್ನು ತಟ್ಟಿ ತೆರೆಸಿದವರು ಕಮಲಾ ಸೋಹೋನಿಯವರು.

ಕಮಲಾ ಅವರು 1911 ರಲ್ಲಿ ಇಂದೂರಿನಲ್ಲಿ ಜನಿಸಿದರು. ಅವರ ತವರು ಮನೆಯ ಹೆಸರು ಭಾಗವತ. ತಂದೆ ನಾರಾಯಣರಾವ್ ಭಾಗವತರೂ ಚಿಕ್ಕಂದಿನಿಂದ ಅವರು ಕಂಡ ಇನ್ನೊಬ್ಬ ಹಿರಿಯರಾದ ಮಾಧವರಾವ್ ಭಾಗವತರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನಲ್ಲಿ 1909 ರಲ್ಲಿ ಸ್ಥಾಪನೆಗೊಂಡು, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಬಳಕೆಯಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರಿಬ್ಬರೂ ವ್ಯಾಸಂಗ ಮಾಡಿದ್ದರು. ಮುಂದೆ ಮರಾಠಿಯ ಹೆಸರಾಂತ ಲೇಖಕಿಯಾದ ದುರ್ಗಾ ಭಾಗವತರು ಕಮಲಾ ಅವರ ಸೋದರಿ. ಹೀಗೆ ವಿದ್ಯೆಯೇ ಆಸ್ತಿಯಾಗಿದ್ದ ಮನೆಯಲ್ಲಿ ಬೆಳೆದ ಬಾಲಕಿಗೆ, ತಂದೆಯಂತೆ ತಾನೂ ರಸಾಯನಶಾಸ್ತ್ರ ಕಲಿಯಬೇಕು, ತಂದೆ ಕಲಿತ ಸಂಸ್ಥೆಯಲ್ಲಿಯೇ ಸಂಶೋಧನೆ ನಡೆಸಬೇಕು ಎಂಬ ಹಂಬಲ ಸಹಜವಾಗಿಯೇ ಮೂಡಿತು.

ಕಮಲಾ ಅವರು ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವಿಗೆ ರಸಾಯನಶಾಸ್ತ್ರವನ್ನು ಪ್ರಧಾನ ವಿಷಯವಾಗಿಯೂ ಭೌತಶಾಸ್ತ್ರವನ್ನು ಉಪವಿಷಯವಾಗಿಯೂ ಆರಿಸಿಕೊಂಡರು. ಆಗ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಧಾರವಾಡ ಜಿಲ್ಲೆಗೂ, ಆ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೂ ಸೇರಿದ್ದವು. ಧಾರವಾಡದ ಕರ್ನಾಟಕ ಕಾಲೇಜು ಕೂಡ ಮುಂಬಯಿ ವಿಶ್ವವಿದ್ಯಾನಿಲಯದ ಸಂಯೋಜನೆಗೆ ಒಳಪಟ್ಟಿತ್ತು. ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟಿದ್ದು 1949 ರಲ್ಲಿ. ಆದುದರಿಂದ ಕಮಲಾ ಅವರು ಪಡೆದ ಪದವಿಯೂ ಅಂದು ನಮ್ಮ ಭಾಗದ ತರುಣರು ಓದಿ ಪಡೆಯುತ್ತಿದ್ದ ಪದವಿಯೂ ಒಂದೇ ವಿಶ್ವವಿದ್ಯಾನಿಲಯದವು.

ರಸಾಯನಶಾಸ್ತ್ರದ ಪದವಿ ಎಂಬುದು ಕೇವಲ ಪುಸ್ತಕದ ಓದಿನಿಂದ ಕೈಗೂಡುವಂತಹುದಲ್ಲ. ವಿದ್ಯಾರ್ಥಿ ಗಂಟೆಗಟ್ಟಲೆ ಪ್ರಯೋಗಶಾಲೆಯಲ್ಲಿ ನಿಂತು ಕೆಲಸ ಮಾಡಬೇಕು. ಕೊಟ್ಟ ಲವಣದಲ್ಲಿ ಯಾವ ಯಾವ ಅಂಶಗಳಿವೆ ಎಂಬುದನ್ನು ಬಣ್ಣ, ವಾಸನೆ, ಗಷ್ಟುಗಳ ಸಹಾಯದಿಂದ ಒಂದೊಂದಾಗಿ ಕಂಡುಹಿಡಿಯಬೇಕು. ಬ್ಯೂರೆಟ್ಟಿನಿಂದ ಹನಿ ಹನಿಯಾಗಿ ದ್ರಾವಣವನ್ನು ಇಳಿಸುತ್ತ, ಬಣ್ಣ ಬದಲಾಗುವ ಆ ಒಂದು ಹನಿಗಾಗಿ ಕಾದಿರಬೇಕು. ಒಂದು ಹನಿ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ಕಣ್ಣಿಗೆ ಎಚ್ಚರವನ್ನೂ ಕೈಗೆ ಹದವನ್ನೂ ಮನಸ್ಸಿಗೆ ತಾಳ್ಮೆಯನ್ನೂ ಕಲಿಸುವ ಈ ಶಿಕ್ಷಣವನ್ನು ಕಮಲಾ ಅವರು ಶ್ರದ್ಧೆಯಿಂದ ಪಡೆದು, 1933 ರಲ್ಲಿ ಉತ್ತಮ ಅಂಕಗಳೊಡನೆ ಪದವೀಧರೆಯಾದರು.

ಅಂಕಗಳಿದ್ದವು, ಅರ್ಹತೆಯಿತ್ತು. ಬೆಂಗಳೂರಿನ ಸಂಸ್ಥೆಗೆ ಅವರು ಅರ್ಜಿ ಕಳುಹಿಸಿದರು. ಅದೇ ವರ್ಷ ಸರ್ ಸಿ. ವಿ. ರಾಮನ್ ಅವರು ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿದ್ದರು. 1930 ರಲ್ಲಿ ನೊಬೆಲ್ ಪಾರಿತೋಷಕ ಪಡೆದು ದೇಶಕ್ಕೆ ಕೀರ್ತಿ ತಂದಿದ್ದ ಆ ಮಹಾವಿಜ್ಞಾನಿ, ಸ್ತ್ರೀಯರಿಗೆ ಸಂಶೋಧನೆಯ ಸಾಮರ್ಥ್ಯವಿಲ್ಲವೆಂದು ಭಾವಿಸಿ ಕಮಲಾ ಅವರ ಅರ್ಜಿಯನ್ನು ತಿರಸ್ಕರಿಸಿದರು. ಇಪ್ಪತ್ತೆರಡರ ಹರೆಯದ ತರುಣಿ ಎದೆಗುಂದಲಿಲ್ಲ. ಗಾಂಧೀಜಿಯವರು ದೇಶಕ್ಕೆಲ್ಲ ಕಲಿಸಿಕೊಟ್ಟಿದ್ದ ಸತ್ಯಾಗ್ರಹದ ಮಾರ್ಗವನ್ನು ಹಿಡಿದು ನಿರ್ದೇಶಕರ ಕಚೇರಿಯ ಮುಂದೆ ಕುಳಿತರು. ತಮ್ಮನ್ನು ನಿರಾಕರಿಸಲು ನ್ಯಾಯವಾದ ಕಾರಣವೇನೆಂದು ಕೇಳಿದರು.

ಕಡೆಗೆ ರಾಮನ್ನರು ಒಪ್ಪಿದರು, ಆದರೆ ನಿಬಂಧನೆಗಳನ್ನು ಹಾಕಿದರು. ಮೊದಲ ಒಂದು ವರ್ಷ ಆಕೆ ಕ್ರಮಬದ್ಧ ವಿದ್ಯಾರ್ಥಿನಿಯಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಬಹಳ ಹೊತ್ತಿನವರೆಗೂ ದುಡಿಯಬೇಕು. ಆಕೆಯ ಇರುವಿಕೆಯಿಂದ ಉಳಿದ ಸಂಶೋಧಕರ ಏಕಾಗ್ರತೆ ಕೆಡಬಾರದು. ಗಂಡುಮಕ್ಕಳಾರಿಗೂ ಇಲ್ಲದ ಈ ಕಟ್ಟುಪಾಡುಗಳು ಕಮಲಾ ಅವರ ಮನಸ್ಸನ್ನು ನೋಯಿಸಿದವು. ತಮಗಾದ ದೊಡ್ಡ ಅವಮಾನವಿದೆಂದು ಅವರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಆದರೂ ಒಪ್ಪಿಕೊಂಡರು. ಪ್ರಯೋಗಶಾಲೆಯ ಒಳಗೆ ಕಾಲಿಡದೆ ತಮ್ಮ ಸಾಮರ್ಥ್ಯವನ್ನು ತೋರಿಸುವ ಬಗೆ ಬೇರೆ ಇರಲಿಲ್ಲ.

ಎಂ. ಶ್ರೀನಿವಾಸಯ್ಯನವರು ಅವರ ಮಾರ್ಗದರ್ಶಕರಾದರು. ಅವರು ಶಿಸ್ತಿನಲ್ಲಿ ಕಠಿಣರು, ಕಲಿಯುವ ಆಸೆಯುಳ್ಳವರಿಗೆ ಉದಾರಿಗಳು. ಅವರ ಕೈಕೆಳಗೆ ಕಮಲಾ ಅವರು ಹಾಲು ಮತ್ತು ದ್ವಿದಳ ಧಾನ್ಯಗಳಲ್ಲಿರುವ ಪ್ರೋಟೀನುಗಳನ್ನು ಕುರಿತು ಅಭ್ಯಾಸ ನಡೆಸಿದರು. ಮಾಂಸ, ಮೊಟ್ಟೆ ದೊರೆಯದ ಬಡವರಿಗೆ ಬೇಳೆಕಾಳುಗಳೇ ದೇಹಪುಷ್ಟಿಯ ಆಧಾರವಾಗಿದ್ದ ದೇಶದಲ್ಲಿ ಇದು ಬಹು ಮುಖ್ಯವಾದ ವಿಷಯ. ವರ್ಷ ಕಳೆಯಿತು. ಆಕೆಯ ದುಡಿಮೆಯನ್ನು ಕಂಡು ರಾಮನ್ನರು ಮನಸ್ಸು ಬದಲಾಯಿಸಿದರು. ಕಮಲಾ ಅವರಿಗೆ ಕ್ರಮಬದ್ಧ ಪ್ರವೇಶ ದೊರೆಯಿತು. ಅಷ್ಟೇ ಅಲ್ಲ, ಆ ಬಳಿಕ ಸಂಸ್ಥೆಯ ಬಾಗಿಲು ಇತರ ಸ್ತ್ರೀಯರಿಗೂ ತೆರೆಯಿತು. ಮುಂದೆ ಪ್ರಖ್ಯಾತ ಹವಾಮಾನ ವಿಜ್ಞಾನಿಯಾದ ಅನ್ನಾ ಮಣಿಯವರು 1940 ರಲ್ಲಿ ರಾಮನ್ನರ ಪ್ರಯೋಗಶಾಲೆಯಲ್ಲಿಯೇ ಸಂಶೋಧನೆಗೆ ತೊಡಗಿದರು. ತಪ್ಪು ಅಭಿಪ್ರಾಯ ದೊಡ್ಡವರಲ್ಲಿಯೂ ಇರಬಹುದು. ಕಣ್ಣಾರೆ ಕಂಡ ಸತ್ಯಕ್ಕೆ ತಲೆಬಾಗುವುದು ವಿಜ್ಞಾನಿಯ ಧರ್ಮ.

1936 ರಲ್ಲಿ ಎಂ.ಎಸ್‌ಸಿ. ಪದವಿಯನ್ನು ಪಡೆದ ಕಮಲಾ ಅವರು ಹೆಚ್ಚಿನ ವ್ಯಾಸಂಗಕ್ಕಾಗಿ ವಿದ್ಯಾರ್ಥಿವೇತನದ ನೆರವಿನಿಂದ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಅಲ್ಲಿ ಜೀವಸತ್ವಗಳ ಸಂಶೋಧನೆಗಾಗಿ 1929 ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದ ಫ್ರೆಡರಿಕ್ ಹಾಪ್ಕಿನ್ಸರ ಪ್ರಯೋಗಶಾಲೆಯಲ್ಲಿ ಅವರಿಗೆ ಸ್ಥಾನ ದೊರೆಯಿತು. ಮೊದಲು ಡೆರೆಕ್ ರಿಕ್ಟರ್, ಅನಂತರ ರಾಬಿನ್ ಹಿಲ್ ಅವರಿಗೆ ಮಾರ್ಗದರ್ಶನ ಮಾಡಿದರು. ಪ್ರಾಣಿಗಳ ಜೀವಕೋಶಗಳು ಉಸಿರಾಡುವಾಗ ನೆರವಾಗುವ ಸೈಟೋಕ್ರೋಮ್ ಸಿ ಎಂಬ ವಸ್ತು ಸಸ್ಯಗಳ ಜೀವಕೋಶಗಳಲ್ಲಿಯೂ ಇದೆಯೆಂಬುದನ್ನು ಅವರು ತೋರಿಸಿಕೊಟ್ಟರು. ಅವರ ಪಿಎಚ್‌.ಡಿ. ಪ್ರಬಂಧ ಕೇವಲ 40 ಪುಟಗಳದು. ಅದರ ಕೆಲಸ ಮುಗಿದುದು 14 ತಿಂಗಳುಗಳಲ್ಲಿ. ಪುಟಗಳ ಎಣಿಕೆಗಿಂತ ಹುರುಳು ದೊಡ್ಡದು. 1939 ರಲ್ಲಿ ಆ ಪದವಿಯನ್ನು ಪಡೆದ ಅವರು, ವಿಜ್ಞಾನದಲ್ಲಿ ಪಿಎಚ್‌.ಡಿ. ಗಳಿಸಿದ ಮೊದಲ ಭಾರತೀಯ ಮಹಿಳೆಯರಲ್ಲಿ ಅಗ್ರಗಣ್ಯರೆನಿಸಿದರು.

ಅದೇ ವರ್ಷ ಸ್ವದೇಶಕ್ಕೆ ಮರಳಿದ ಕಮಲಾ ಅವರು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಬಳಿಕ ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕತಾ ಸಂಶೋಧನಾಲಯದಲ್ಲಿ ಸೇವೆ ಸಲ್ಲಿಸಿದರು. 1947 ರಲ್ಲಿ ಎಂ. ವಿ. ಸೋಹೋನಿಯವರನ್ನು ವಿವಾಹವಾಗಿ ಮುಂಬಯಿಗೆ ಬಂದು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಅಲ್ಲಿ ಅವರೂ ಅವರ ಶಿಷ್ಯರೂ ಕೈಗೊಂಡ ಸಂಶೋಧನೆಗಳು ನಮ್ಮ ಅಡುಗೆಮನೆಗೆ ಹತ್ತಿರವಾದವು. ಕನ್ನಡಿಗರಿಗೆ ಪ್ರಿಯವಾದ ಅವರೆಕಾಳನ್ನೇ ನೋಡಿರಿ. ಟ್ರಿಪ್ಸಿನ್ ಎಂಬ ಕಿಣ್ವವು ಪ್ರೋಟೀನನ್ನು ಜೀರ್ಣಗೊಳಿಸುತ್ತದೆ. ಅದರ ಕೆಲಸವನ್ನು ತಡೆಯುವ ವಸ್ತುವೊಂದು ಅವರೆಕಾಳಿನಲ್ಲಿದೆ. 1955 ರ ವೇಳೆಗೆ ಕಮಲಾ ಅವರ ತಂಡ ಆ ವಸ್ತುವನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿತು. ಬೇಯಿಸಿದರೆ ಇಂತಹ ವಸ್ತುಗಳ ಶಕ್ತಿ ಬಹುಮಟ್ಟಿಗೆ ಕುಂದುತ್ತದೆ. ಕಾಳನ್ನು ಚೆನ್ನಾಗಿ ಬೇಯಿಸಬೇಕೆಂಬ ನಮ್ಮ ಅಜ್ಜಿಯರ ಕಟ್ಟಪ್ಪಣೆಯಲ್ಲಿ ಎಂತಹ ಅರ್ಥವಿದೆ ಎಂಬುದು ಇದರಿಂದ ತಿಳಿಯುತ್ತದೆ. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸೂಚನೆಯಂತೆ ಅವರು ನೀರಾ ಎಂಬ ತಾಳೆಜಾತಿಯ ಮರಗಳ ಸಿಹಿರಸವನ್ನೂ ಪರೀಕ್ಷಿಸಿದರು. ಅದರಲ್ಲಿ ಜೀವಸತ್ವಗಳೂ ಕಬ್ಬಿಣದ ಅಂಶವೂ ಇರುವುದನ್ನು ಕಂಡು, ಪೌಷ್ಟಿಕಾಹಾರವಿಲ್ಲದ ಬಡ ಗರ್ಭಿಣಿಯರಿಗೂ ಮಕ್ಕಳಿಗೂ ಅದು ಉಪಯುಕ್ತವೆಂದು ತಿಳಿಸಿದರು. ಈ ಕಾರ್ಯಕ್ಕಾಗಿ ಅವರಿಗೆ ರಾಷ್ಟ್ರಪತಿಗಳ ಪ್ರಶಸ್ತಿ ದೊರೆಯಿತು. ಸಂಸ್ಥೆಯ ನಿರ್ದೇಶಕ ಪದವಿ ಮಾತ್ರ, ಅರ್ಹತೆಯಿದ್ದರೂ, ಕೆಲವು ವರ್ಷ ತಡವಾಗಿಯೇ ಅವರ ಕೈಸೇರಿತು.

ಪ್ರಯೋಗಶಾಲೆಯ ಹೊರಗೂ ಅವರ ವಿದ್ಯೆ ಜನರ ಕೆಲಸಕ್ಕೆ ಬಂದಿತು. ಮುಂಬಯಿಯಲ್ಲಿ 1966 ರಲ್ಲಿ ಹುಟ್ಟಿದ ಗ್ರಾಹಕ ಮಾರ್ಗದರ್ಶನ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು. ಮುಂದೆ ಅದರ ಅಧ್ಯಕ್ಷತೆಯನ್ನು ವಹಿಸಿದ್ದಲ್ಲದೆ, ಅದರ ಪತ್ರಿಕೆಯಾದ ಕೀಮತ್‌ನಲ್ಲಿ ಗ್ರಾಹಕರ ಸುರಕ್ಷತೆಯನ್ನು ಕುರಿತು ಲೇಖನಗಳನ್ನು ಬರೆದರು. ಮೆಣಸಿನಪುಡಿಗೆ ಇಟ್ಟಿಗೆಪುಡಿಯನ್ನೋ ಕೃತಕ ಬಣ್ಣವನ್ನೋ ಬೆರೆಸಿದರೆ ಮೋಸಹೋಗುವವರು ಕೊಳ್ಳುವವರು ಮಾತ್ರವಲ್ಲ. ಒಳ್ಳೆಯ ಕಾಯಿ ಬೆಳೆದ ಬ್ಯಾಡಗಿ ಸೀಮೆಯ ರೈತನ ಹೆಸರೂ ಕೆಡುತ್ತದೆ. ಕಲಬೆರಕೆಯನ್ನು ಬಯಲಿಗೆಳೆಯಲು ರಸಾಯನಶಾಸ್ತ್ರ ಬಲ್ಲವರೇ ಬೇಕು.

1998 ರಲ್ಲಿ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಏರ್ಪಡಿಸಿದ್ದ ಸನ್ಮಾನ ಸಮಾರಂಭದಲ್ಲಿ ಕುಸಿದುಬಿದ್ದ ಅವರು, ಸ್ವಲ್ಪ ಕಾಲದಲ್ಲಿಯೇ ನಿಧನರಾದರು.

ಕಮಲಾ ಸೋಹೋನಿಯವರು ದುಡಿಮೆಯೊಂದನ್ನೇ ನಂಬಿ ಮೌನವಾಗಿ ಮನೆಗೆ ಮರಳಿದ್ದರೆ ಅವರಿಗೆ ದುಡಿಯಲು ಮೇಜೊಂದೂ ಸಿಗುತ್ತಿರಲಿಲ್ಲ. ಪ್ರತಿಭಟನೆಯೊಂದೇ ಸಾಕೆಂದು ಬಗೆದಿದ್ದರೆ, ತೆರೆದ ಬಾಗಿಲು ಒಂದು ವರ್ಷದಲ್ಲಿಯೇ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ನ್ಯಾಯಕ್ಕಾಗಿ ಕೇಳುವ ಧೈರ್ಯ, ಕೇಳಿ ಪಡೆದುದನ್ನು ದುಡಿದು ಉಳಿಸಿಕೊಳ್ಳುವ ಶ್ರದ್ಧೆ ಈ ಎರಡೂ ಅವರಲ್ಲಿ ಒಂದುಗೂಡಿದ್ದವು. ಅವರು ಗೆದ್ದ ಆ ಒಂದು ವರ್ಷದ ಫಲವನ್ನು ಇಂದು ಸಾವಿರಾರು ವಿದ್ಯಾರ್ಥಿನಿಯರು ಉಣ್ಣುತ್ತಿದ್ದಾರೆ.