ಕಂಪ್ಯೂಟರಿಗೆ ಪಾಠ ಹೇಳಿದ ಗಣಿತದ ಮೇಡಂ

ಲ್ಯಾಬಿನಲ್ಲಿ ನಾಲ್ಕೈದು ಫೈಲುಗಳ ಒಂದು ಸಿ ಪ್ರೋಗ್ರಾಂ ಬರೆದು, ‘ಮೇಕ್’ ಎಂದು ಟೈಪಿಸಿ ಎಂಟರ್ ಒತ್ತುತ್ತೇವೆ. ಪರದೆಯ ಮೇಲೆ ಸಾಲುಗಳು ಸರಸರನೆ ಓಡುತ್ತವೆ. ಒಂದೊಂದೇ ಫೈಲು ಕಂಪೈಲ್ ಆಗುತ್ತದೆ, ಲೈಬ್ರರಿಯಿಂದ ಬೇಕಾದ ತುಣುಕುಗಳು ಬಂದು ಸೇರಿಕೊಳ್ಳುತ್ತವೆ, ಕೊನೆಗೆ ಓಡಿಸಬಹುದಾದ ಒಂದೇ ಫೈಲು ಕೈಗೆ ಸಿಗುತ್ತದೆ. ಜಾವಾ ಹಿಡಿದವರಿಗೆ ಇದೇ ಕೆಲಸವನ್ನು ಮೇವನ್ ಅಥವಾ ಗ್ರೇಡಲ್ ಮಾಡಿಕೊಡುತ್ತದೆ. ಎಲ್ಲೋ ಒಂದು ತುಣುಕು ಸಿಗದಿದ್ದರೆ ಮಾತ್ರ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಕೆಂಪು ಸಾಲು. ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿನಲ್ಲಿ ಆ ಸಾಲು ನನ್ನ ಎರಡು ರಾತ್ರಿಯ ನಿದ್ದೆ ತಿಂದಿತು. ಈ ಜೋಡಿಸುವ ಕೆಲಸವನ್ನು ಮನುಷ್ಯರ ಕೈಯಿಂದ ತೆಗೆದು ಯಂತ್ರಕ್ಕೆ ಮೊದಲು ಒಪ್ಪಿಸಿದವರು ಯಾರಪ್ಪಾ ಎಂದು ಬೈದುಕೊಳ್ಳುತ್ತಲೇ ಹುಡುಕಿದೆ. ಸಿಕ್ಕವರು ಗ್ರೇಸ್ ಹಾಪರ್. ಅವರ ಬದುಕು ಓದಿದ ಮೇಲೆ ಬೈಯುವ ಮನಸ್ಸಾಗಲಿಲ್ಲ.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಅಪ್ಪ ವಿಮೆ ವ್ಯವಹಾರದವರು. ಏಳು ವರ್ಷದ ಹುಡುಗಿಗೆ ಅಲಾರಾಂ ಗಡಿಯಾರ ಹೇಗೆ ಬಡಿಯುತ್ತದೆ ಎಂಬ ಕುತೂಹಲ. ಒಂದನ್ನು ಬಿಚ್ಚಿದಳು, ಜೋಡಿಸಲಾಗಲಿಲ್ಲ. ನೋಡಿ ಕಲಿಯೋಣವೆಂದು ಇನ್ನೊಂದನ್ನು ಬಿಚ್ಚಿದಳು. ಅಮ್ಮನಿಗೆ ಗೊತ್ತಾಗುವಷ್ಟರಲ್ಲಿ ಮನೆಯ ಏಳು ಗಡಿಯಾರಗಳೂ ಬಿಡಿಭಾಗಗಳಾಗಿದ್ದವು. ಅಮ್ಮ ಒಂದು ಗಡಿಯಾರವನ್ನು ಆಟಕ್ಕೆಂದು ಬಿಟ್ಟುಕೊಟ್ಟರಂತೆ. ವಾಸರ್ ಕಾಲೇಜಿಗೆ ಅರ್ಜಿ ಹಾಕಿದಾಗ ಲ್ಯಾಟಿನ್ ಅಂಕ ಸಾಲದೆಂದು ಮೊದಲ ಸಲ ಸೀಟು ಸಿಗಲಿಲ್ಲ. ಮರುವರ್ಷ ಸಿಕ್ಕಿತು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಪದವಿ, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌.ಡಿ. ನಡುವೆ 1930ರಲ್ಲಿ ವಿನ್ಸೆಂಟ್ ಹಾಪರ್ ಜತೆ ಮದುವೆ. ಓದಿದ ವಾಸರ್‌ನಲ್ಲೇ ಗಣಿತದ ಮೇಡಂ ಆದರು. ಅಲ್ಲಿಗೆ ಕಥೆ ಮುಗಿಯಬಹುದಿತ್ತು. ಖಾಯಂ ನೌಕರಿ, ಇಷ್ಟದ ವಿಷಯ. ನಮ್ಮಲ್ಲಾದರೆ ಇನ್ನೇನು ಬೇಕು ಎನ್ನುತ್ತಿದ್ದೆವು.

1941ರ ಕೊನೆಯಲ್ಲಿ ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯಿತು. ಗ್ರೇಸ್ ಅವರ ಮುತ್ತಜ್ಜ ನೌಕಾಪಡೆಯ ರಿಯರ್ ಅಡ್ಮಿರಲ್ ಆಗಿದ್ದವರು. ತಾನೂ ಅಲ್ಲಿಗೇ ಸೇರಬೇಕೆಂದು ಹಟ ಹಿಡಿದರು. ವಯಸ್ಸು ಹೆಚ್ಚಾಯಿತು ಎಂದು ಒಂದು ತಕರಾರು. ತೂಕ 15 ಪೌಂಡ್ ಕಡಿಮೆ ಎಂಬುದು ಇನ್ನೊಂದು. ಗಣಿತದ ಅಧ್ಯಾಪಕಿ ತರಗತಿಯಲ್ಲೇ ಹೆಚ್ಚು ಉಪಯೋಗ ಎಂಬುದು ಮೂರನೆಯದು. ವಿನಾಯಿತಿಗಾಗಿ ಅಲೆದು, 1943ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಮೀಸಲು ದಳದ ಮಹಿಳಾ ವಿಭಾಗ ಸೇರಿಯೇಬಿಟ್ಟರು. ತನಗಿಂತ ಎಷ್ಟೋ ಚಿಕ್ಕವರಾದ ಹುಡುಗಿಯರ ಜತೆ ತರಬೇತಿ ಪಡೆದು ತಂಡಕ್ಕೇ ಮೊದಲಿಗರಾದರು. ಹಡಗಿನ ಕನಸು ಹೊತ್ತಿದ್ದವರನ್ನು 1944ರ ಜುಲೈನಲ್ಲಿ ಕಳಿಸಿದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ನೆಲಮಾಳಿಗೆಗೆ.

ಅಲ್ಲಿದ್ದದ್ದು ಮಾರ್ಕ್ 1. ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು 5 ಟನ್. ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು. ಗುಣಿಸಲು ಸುಮಾರು 6 ಸೆಕೆಂಡ್, ಭಾಗಿಸಲು 15 ಸೆಕೆಂಡ್. ಆದೇಶಗಳನ್ನು ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಕೊರೆದು ಕೊಡಬೇಕು. ಒಂದೇ ಲೆಕ್ಕ ಮತ್ತೆ ಮತ್ತೆ ನಡೆಯಬೇಕಾದರೆ ಪಟ್ಟಿಯ ಎರಡು ತುದಿ ತಂದು ಅಂಟಿಸುತ್ತಿದ್ದರು. ನಾವು ದಿನವೂ ಬರೆಯುವ ‘ಲೂಪ್’ ಅಲ್ಲಿ ಕಣ್ಣಿಗೆ ಕಾಣುವ ಬಳೆ! ಇದರ ಮುಖ್ಯಸ್ಥ ಹೋವರ್ಡ್ ಐಕೆನ್ ಬಹಳ ಕಟ್ಟುನಿಟ್ಟಿನ ಮನುಷ್ಯ. ಬಂದ ದಿನವೇ ಗ್ರೇಸ್ ಕೈಗೆ ಕೆಲಸ ಕೊಟ್ಟು ವಾರದ ಗಡುವು ಹಾಕಿದರು. ಅವರನ್ನು ಕಾಪಾಡಿದ್ದು ಮೊದಲೇ ಅಲ್ಲಿದ್ದ ಇಬ್ಬರು ಯುವ ಅಧಿಕಾರಿಗಳು, ರಿಚರ್ಡ್ ಬ್ಲಾಕ್ ಮತ್ತು ರಾಬರ್ಟ್ ಕ್ಯಾಂಪ್‌ಬೆಲ್. ಅದೇ ವರ್ಷ ಜಾನ್ ವಾನ್ ನ್ಯೂಮನ್ ಒಂದು ಕ್ಲಿಷ್ಟ ಸಮೀಕರಣ ತಂದು ಬಿಡಿಸಿಕೊಂಡು ಹೋದರು. ಅದು ಅಣುಬಾಂಬಿನ ಲೆಕ್ಕ ಎಂಬುದು ತಂಡಕ್ಕೆ ತಿಳಿದದ್ದು ಬಾಂಬು ಬಿದ್ದ ಮೇಲೆ. ಗ್ರೇಸ್ ಬಗ್ಗೆ ಬರೆಯುವವರು ಹೆಚ್ಚಾಗಿ ಇದನ್ನು ಹಾರಿಸಿ ಮುಂದೆ ಹೋಗುತ್ತಾರೆ. ಹಾರಿಸಬಾರದು ಎಂದು ನನಗನಿಸಿತು.

ಈಗ ನಮ್ಮ ವಿಷಯಕ್ಕೆ ಬರೋಣ. ಸೈನು, ವರ್ಗಮೂಲ, ಲಾಗರಿದಮ್ ಇಂಥ ಲೆಕ್ಕಗಳು ಪ್ರತಿ ಪ್ರೋಗ್ರಾಮಿನಲ್ಲೂ ಬೇಕಾಗುತ್ತಿದ್ದವು. ಒಮ್ಮೆ ಸರಿಯಾಗಿ ಓಡಿದ ತುಣುಕನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಮುಂದಿನ ಸಲ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡುತ್ತಿದ್ದರು. ನಾವು ರೆಕಾರ್ಡ್ ಬರೆಯುವ ಹಾಗೆಯೇ. ನಕಲು ಮಾಡುವಾಗ 4 ಎಂಬುದು ತ್ರಿಕೋನವಾಗುತ್ತಿತ್ತು, ಇಂಗ್ಲಿಷಿನ ‘ಬಿ’ ಅಕ್ಷರ 13 ಆಗುತ್ತಿತ್ತು. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಐದು ಜನ ಸೇರಿ ಪ್ರಾಜೆಕ್ಟ್ ರಿಪೋರ್ಟ್ ಬರೆದಿದ್ದೀರಿ ಎಂದುಕೊಳ್ಳಿ. ಪ್ರತಿಯೊಬ್ಬರ ಅಧ್ಯಾಯವೂ ಪುಟ 1ರಿಂದಲೇ ಶುರು. ಎಲ್ಲವನ್ನೂ ಒಟ್ಟಿಗೆ ಸ್ಪೈರಲ್ ಬೈಂಡ್ ಮಾಡಿಸುವಾಗ ಮೂರನೇ ಅಧ್ಯಾಯದ ಪುಟ 1 ನಿಜಕ್ಕೂ 24 ಆಗುತ್ತದೆ. ಒಳಗೆ ಎಲ್ಲೆಲ್ಲಿ ಪುಟ 7 ನೋಡಿ ಎಂದು ಬರೆದಿದೆಯೋ ಅಲ್ಲೆಲ್ಲ 30 ಎಂದು ತಿದ್ದಬೇಕು. ಒಂದು ಬಿಟ್ಟುಹೋದರೂ ಓದುಗ ದಾರಿ ತಪ್ಪುತ್ತಾನೆ. ಪ್ರೋಗ್ರಾಮಿನ ತುಣುಕುಗಳ ವಿಳಾಸಗಳದ್ದೂ ಇದೇ ಪಾಡು. ಪ್ರತಿ ವಿಳಾಸಕ್ಕೂ ಒಂದು ಸಂಖ್ಯೆ ಕೂಡಿಸಬೇಕು, ಅದೂ ಕೈಯಲ್ಲಿ. ದೊಡ್ಡ ದೊಡ್ಡ ಗಣಿತಜ್ಞರೂ ಕೂಡುವುದರಲ್ಲಿ, ನಕಲು ಮಾಡುವುದರಲ್ಲಿ ತಪ್ಪುತ್ತಾರೆ ಎಂಬುದನ್ನು ಗ್ರೇಸ್ ಅಲ್ಲಿ ಕಂಡರು. ಕೂಡುವುದಕ್ಕೂ ನಕಲು ಮಾಡುವುದಕ್ಕೂ ಎದುರಿಗೇ ಒಂದು ಯಂತ್ರ ನಿಂತಿತ್ತು.

ಆ ಆಲೋಚನೆ ಕಾಯಿಯಾಗಲು ವರ್ಷಗಳೇ ಬೇಕಾದವು. ನಡುವೆ 1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಯಂತ್ರದ ರಿಲೇ ಒಂದರಲ್ಲಿ ಪತಂಗ ಸಿಕ್ಕಿಕೊಂಡದ್ದು, ಅದನ್ನು ಲಾಗ್ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಹಾಗೆ ಅದನ್ನು ಹಿಡಿದವರು ಗ್ರೇಸ್ ಅಲ್ಲ. ‘ಬಗ್’ ಎಂಬ ಮಾತು ಹುಟ್ಟಿದ್ದೂ ಅಂದಲ್ಲ, ಎಡಿಸನ್ ಕಾಲದಲ್ಲೇ ಇತ್ತು. ಗ್ರೇಸ್ ಆ ಕಥೆಯನ್ನು ಊರೆಲ್ಲ ಹೇಳಿಕೊಂಡು ಬಂದವರು, ಅಷ್ಟೇ.

ಯುದ್ಧ ಮುಗಿದ ವರ್ಷವೇ, 1945ರಲ್ಲಿ, ವಿಚ್ಛೇದನವಾಯಿತು. ವಾಸರ್ ಪೂರ್ಣ ಪ್ರಾಧ್ಯಾಪಕಿಯ ಹುದ್ದೆ ಕೊಡುತ್ತೇನೆಂದಾಗ ಯಂತ್ರ ಬಿಟ್ಟು ಬರಲಾರೆನೆಂದು ಹಾರ್ವರ್ಡ್‌ನಲ್ಲೇ ಉಳಿದರು. ಆದರೆ ಹಾರ್ವರ್ಡ್ ಅವರಿಗೆ ಖಾಯಂ ಹುದ್ದೆ ಕೊಡಲಿಲ್ಲ. ಕೈಯಲ್ಲಿ ಪಿಎಚ್‌.ಡಿ., ಪ್ರಪಂಚದಲ್ಲಿ ಬೆರಳೆಣಿಕೆಯ ಜನರಿಗಿದ್ದ ಅನುಭವ, ಆದರೂ ನಲವತ್ತೆರಡನೇ ವಯಸ್ಸಿನಲ್ಲಿ ಹೊಸದಾಗಿ ಕೆಲಸ ಹುಡುಕಬೇಕಾಯಿತು. ಆ ವರ್ಷಗಳಲ್ಲಿ ಕುಡಿತ ಅವರನ್ನು ಗಟ್ಟಿಯಾಗಿ ಹಿಡಿದಿತ್ತು. ಗೆಳೆಯರು ಎಚ್ಚರಿಸಬೇಕಾದ ಮಟ್ಟಕ್ಕೆ ಹೋಗಿತ್ತು. ಈಗ ಎಲ್ಲ ಪೋಸ್ಟರುಗಳಲ್ಲೂ ಕಾಣುವ ಬಿಗಿ ಸಮವಸ್ತ್ರದ ಅಜ್ಜಿಯ ಮುಖದ ಹಿಂದೆ ಈ ದಿನಗಳೂ ಇವೆ.

1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. ಆಗಿನ್ನೂ ಸ್ಟಾರ್ಟಪ್ ಎಂಬ ಪದ ಇರಲಿಲ್ಲ, ಅದು ಮಾತ್ರ ಪಕ್ಕಾ ಸ್ಟಾರ್ಟಪ್ಪೇ. ಯುನಿವ್ಯಾಕ್ ಎಂಬ ಕಂಪ್ಯೂಟರ್ ಮಾರುವುದಾಗಿ ಹೇಳಿಕೊಂಡಿದ್ದರು, ಆದರೆ ಅದನ್ನಿನ್ನೂ ಕಟ್ಟಿ ಮುಗಿಸಿರಲಿಲ್ಲ. ದುಡ್ಡು ಸಾಲದೆ ಮರುವರ್ಷವೇ ಕಂಪನಿಯನ್ನು ರೆಮಿಂಗ್ಟನ್ ರ‍್ಯಾಂಡ್ ಕೊಂಡುಕೊಂಡಿತು. ಅಲ್ಲಿನ ಇನ್ನೊಂದು ಯಂತ್ರಕ್ಕೆ ಅಷ್ಟಮಾನ ಪದ್ಧತಿಯಲ್ಲಿ, ಅಂದರೆ ಎಂಟರ ಆಧಾರದ ಮೇಲೆ, ಲೆಕ್ಕ ಹಾಕಬೇಕಿತ್ತು. ಅದು ಎಷ್ಟು ಅಭ್ಯಾಸವಾಯಿತೆಂದರೆ ಗ್ರೇಸ್ ಅವರ ಬ್ಯಾಂಕ್ ಖಾತೆಯ ಲೆಕ್ಕ ತಾಳೆಯಾಗುವುದೇ ನಿಂತಿತು. ಬ್ಯಾಂಕಿನಲ್ಲಿದ್ದ ತಮ್ಮ ಕೂತು ಪರಿಶೀಲಿಸಿದಾಗ ತಿಳಿಯಿತು, ಅಕ್ಕ ಅಲ್ಲಲ್ಲಿ ಎಂಟರ ಲೆಕ್ಕದಲ್ಲಿ ಕಳೆದಿದ್ದಾರೆ!

1951ರ ಅಕ್ಟೋಬರ್‌ನಲ್ಲಿ ಕೆಲಸ ಶುರು ಮಾಡಿ 1952ರ ಮೇ ಹೊತ್ತಿಗೆ ‘ಎ-0’ ಸಿದ್ಧಪಡಿಸಿದರು. ತುಣುಕುಗಳನ್ನೆಲ್ಲ ಮ್ಯಾಗ್ನೆಟಿಕ್ ಟೇಪಿನಲ್ಲಿ ಒಂದು ಲೈಬ್ರರಿಯಾಗಿ ಜೋಡಿಸಿ, ಪ್ರತಿಯೊಂದಕ್ಕೂ ಒಂದು ಕರೆಸಂಖ್ಯೆ ಕೊಟ್ಟರು. ಪ್ರೋಗ್ರಾಂ ಬರೆಯುವವರು ಯಾವ ತುಣುಕು ಬೇಕು, ಅದಕ್ಕೆ ಯಾವ ಸಂಖ್ಯೆಗಳನ್ನು ಕೊಡಬೇಕು ಎಂದು ಪಟ್ಟಿ ಕೊಟ್ಟರೆ ಸಾಕು. ಯಂತ್ರವೇ ಟೇಪಿನಿಂದ ತುಣುಕು ತೆಗೆದು, ವಿಳಾಸಗಳನ್ನು ಕೂಡಿಸಿ ತಿದ್ದಿ, ಇಡೀ ಪ್ರೋಗ್ರಾಂ ಕಟ್ಟಿಕೊಡುತ್ತಿತ್ತು. ಬಿಡಿ ಬರಹಗಳನ್ನು ಆಯ್ದು ಒಂದು ಪುಸ್ತಕ ಮಾಡಿದಂತೆ ಎಂಬ ಅರ್ಥದಲ್ಲಿ ಇದನ್ನು ‘ಕಂಪೈಲರ್’ ಎಂದು ಕರೆದರು. ಕನ್ನಡದಲ್ಲಿ ಇದಕ್ಕೆ ಸಂಕಲನ ಎಂಬ ಪದ ನೋಡಿ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಕವನ ಸಂಕಲನ ಎಂದರೆ ಆಯ್ದು ಸೇರಿಸಿದ್ದು. ಪ್ರೈಮರಿ ಗಣಿತದ ಪುಸ್ತಕದಲ್ಲಿ ಸಂಕಲನ ಎಂದರೆ ಕೂಡುವ ಲೆಕ್ಕ. ಎ-0 ಮಾಡಿದ್ದು ಈ ಎರಡನ್ನೂ.

ಒಂದು ಕಗ್ಗಂಟು ಉಳಿದಿತ್ತು. ಯುನಿವ್ಯಾಕ್‌ನ ನೆನಪಿನಲ್ಲಿ ಹಿಡಿಯುತ್ತಿದ್ದದ್ದು 1000 ಪದ ಮಾತ್ರ. ಪ್ರೋಗ್ರಾಮನ್ನು ಒಂದೇ ಸುತ್ತಿನಲ್ಲಿ ಕಟ್ಟಿ ಮುಗಿಸಬೇಕು. ಇನ್ನೂ ಬಾರದ, ಮುಂದೆಲ್ಲೋ ಬರಲಿರುವ ತುಣುಕಿಗೆ ಜಿಗಿ ಎಂದು ಹೇಳಬೇಕಾದಾಗ ಅದರ ವಿಳಾಸ ಗೊತ್ತಿರುವುದಿಲ್ಲವಲ್ಲ? ಇದಕ್ಕೆ ದಾರಿ ಹೊಳೆದದ್ದು ಕಾಲೇಜಿನಲ್ಲಿ ಆಡುತ್ತಿದ್ದ ಬಾಸ್ಕೆಟ್‌ಬಾಲ್‌ನಿಂದ. ಆಗಿನ ಮಹಿಳೆಯರ ಆಟದ ನಿಯಮದಲ್ಲಿ ಚೆಂಡು ಹಿಡಿದುಕೊಂಡು ಓಡುವಂತಿರಲಿಲ್ಲ. ಪಕ್ಕದ ಆಟಗಾರ್ತಿಗೆ ಚೆಂಡು ಕೊಟ್ಟು, ತಾನು ಮುಂದೆ ಓಡಿ, ಅವಳಿಂದ ಮತ್ತೆ ಪಡೆಯಬೇಕು. ಹಾಗೆಯೇ ನೆನಪಿನ ಒಂದು ಮೂಲೆಯನ್ನು ಖಾಲಿ ಬಿಟ್ಟರು. ಸದ್ಯಕ್ಕೆ ಆ ಮೂಲೆಗೆ ಜಿಗಿ, ಮುಂದೆ ಆ ತುಣುಕು ಸಿಕ್ಕಾಗ ಮೂಲೆಯಲ್ಲಿ ಅದರ ನಿಜವಾದ ವಿಳಾಸ ಬರೆದಿಡುತ್ತೇನೆ ಎಂಬ ಏರ್ಪಾಡು. ನನ್ನ ಎರಡು ರಾತ್ರಿ ತಿಂದ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದರೆ ಚೆಂಡು ಮೂಲೆಯಲ್ಲಿದೆ, ತೆಗೆದುಕೊಳ್ಳಲು ಯಾರೂ ಬರಲಿಲ್ಲ ಎಂದೇ ಅರ್ಥ ಎಂದು ಇದನ್ನು ಓದಿದಾಗ ಹೊಳೆಯಿತು.

ಇಂದಿನ ಲೆಕ್ಕದಲ್ಲಿ ಎ-0 ಕಂಪೈಲರ್ ಅಲ್ಲ, ಲಿಂಕರ್ ಮತ್ತು ಲೋಡರ್ ಎಂದು ವಾದಿಸುವವರಿದ್ದಾರೆ. ವಾದ ಸರಿಯೇ. ಸೂತ್ರಗಳನ್ನೇ ಓದಿ ಯಂತ್ರಭಾಷೆಗೆ ತಿರುಗಿಸಿ ಹೆಸರು ಮಾಡಿದ್ದು 1957ರಲ್ಲಿ ಬಂದ ಫೋರ್ಟ್ರಾನ್. ಆದರೆ ಪ್ರೋಗ್ರಾಂ ಕಟ್ಟುವುದೂ ಪ್ರೋಗ್ರಾಮಿನದೇ ಕೆಲಸ ಎಂದು ಮಾಡಿ ತೋರಿಸುವುದು ಆಗ ಸಣ್ಣ ಮಾತಾಗಿರಲಿಲ್ಲ. ಕಂಪ್ಯೂಟರ್ ಲೆಕ್ಕ ಮಾಡೀತೇ ಹೊರತು ಪ್ರೋಗ್ರಾಂ ಬರೆಯಲಾರದು ಎಂದು ತಳ್ಳಿಹಾಕಿದವರೇ ಹೆಚ್ಚು. ಎರಡು ವರ್ಷ ಯಾರೂ ಅದನ್ನು ಮುಟ್ಟಲಿಲ್ಲ ಎಂದು ಗ್ರೇಸ್ ನಂತರ ಹೇಳಿಕೊಳ್ಳುತ್ತಿದ್ದರು. ಯಂತ್ರದ ಗುಟ್ಟು ಬಲ್ಲ ಕೆಲವೇ ಪ್ರೋಗ್ರಾಮರುಗಳಿಗೆ ತಮ್ಮ ಬೆಲೆ ಎಲ್ಲಿ ಇಳಿದೀತೋ ಎಂಬ ಆತಂಕವೂ ಇತ್ತು. ಎಐ ಬಂದರೆ ನಮ್ಮ ಪ್ಲೇಸ್‌ಮೆಂಟ್ ಗತಿಯೇನು ಎಂದು ಹಾಸ್ಟೆಲಿನಲ್ಲಿ ನಡೆಯುವ ಚರ್ಚೆ ಅಷ್ಟೇನೂ ಹೊಸದಲ್ಲ ಅನ್ನಿಸಿತು. ಸುಧಾರಿತ ಎ-2 ಅನ್ನು 1953ರಲ್ಲಿ ಗ್ರಾಹಕರಿಗೆ ಕೊಡುವಾಗ ಒಳಗಿನ ಕೋಡನ್ನೂ ಕೊಟ್ಟು, ತಿದ್ದಿ ಉತ್ತಮಪಡಿಸಿ ಕಳಿಸಿ ಎಂದು ಕೇಳಿಕೊಂಡರು. ಓಪನ್ ಸೋರ್ಸ್ ಎಂಬ ಹೆಸರು ಹುಟ್ಟಲು ಇನ್ನೂ ನಾಲ್ಕು ದಶಕ ಬಾಕಿಯಿತ್ತು.

ಮುಂದಿನ ಹಟ, ಗುಮಾಸ್ತರಿಗೂ ಅರ್ಥವಾಗುವ ಇಂಗ್ಲಿಷ್ ಪದಗಳಲ್ಲೇ ಪ್ರೋಗ್ರಾಂ ಬರೆಯಬೇಕೆಂಬುದು. ಯಂತ್ರಕ್ಕೆ ಯಾವ ಭಾಷೆಯಾದರೂ ಒಂದೇ ಎಂದು ತೋರಿಸಲು ಅದೇ ಪ್ರೋಗ್ರಾಮನ್ನು ಫ್ರೆಂಚ್, ಜರ್ಮನ್ ಪದಗಳಲ್ಲೂ ಬರೆದು ಓಡಿಸಿದರು. ಮೇಲಧಿಕಾರಿಗಳು ಮೆಚ್ಚುವ ಬದಲು ಗಾಬರಿಯಾದರು, ಅಮೆರಿಕದ ಯಂತ್ರ ಜರ್ಮನ್ ಭಾಷೆ ಹೇಗೆ ಕಲಿಯಿತು ಎಂದು! ಅಂತೂ 1958ರ ಹೊತ್ತಿಗೆ ‘ಫ್ಲೋ-ಮ್ಯಾಟಿಕ್’ ಗ್ರಾಹಕರ ಕೈ ಸೇರಿತು. 1959ರ ಮೇ ತಿಂಗಳಲ್ಲಿ ಪೆಂಟಗನ್‌ನಲ್ಲಿ ಸೇರಿದ ಸಭೆಯಿಂದ ಹುಟ್ಟಿದ ಕೊಬಾಲ್ ಭಾಷೆಗೆ ಅದೇ ತಳಪಾಯ. ಗ್ರೇಸ್ ಅವರನ್ನು ಕೊಬಾಲ್‌ನ ತಾಯಿ ಎನ್ನುವುದು ವಾಡಿಕೆ. ಅದು ಸ್ವಲ್ಪ ಅತಿಯಾಯಿತು. ಕೂತು ರೂಪಿಸಿದ್ದು ಜೀನ್ ಸ್ಯಾಮೆಟ್ ಮುಂತಾದವರಿದ್ದ ಸಮಿತಿ, ಇವರು ಸಲಹೆಗಾರರು. 1960ರ ಡಿಸೆಂಬರ್‌ನಲ್ಲಿ ಹೆಚ್ಚುಕಡಿಮೆ ಒಂದೇ ಕೊಬಾಲ್ ಪ್ರೋಗ್ರಾಂ ಆರ್‌ಸಿಎ ಮತ್ತು ಯುನಿವ್ಯಾಕ್ ಎಂಬ ಎರಡು ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲಿ ಓಡಿತು. ಬ್ಯಾಂಕುಗಳಲ್ಲಿ ಕೊಬಾಲ್ ಇನ್ನೂ ಓಡುತ್ತಿದೆ. 2000ನೇ ಇಸವಿ ಹತ್ತಿರವಾದಾಗ ಅಂಥ ಹಳೆಯ ಕೋಡಿನ ದಿನಾಂಕ ತಿದ್ದುವ ಕೆಲಸವೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ದೊಡ್ಡ ಬಾಗಿಲು ತೆರೆದದ್ದು. ಮೇನ್‌ಫ್ರೇಮ್ ತಂಡಕ್ಕೆ ಹಾಕಿದರೆಂದು ಬೇಸರಪಡುವ ಸೀನಿಯರ್‌ಗಳಿಗೆ ಇಷ್ಟು ತಿಳಿದಿರಲಿ.

1966ರ ಕೊನೆಗೆ, ಅರವತ್ತು ತುಂಬಿದವರೆಂದು ನೌಕಾಪಡೆ ನಿವೃತ್ತಿ ಕೊಟ್ಟು ಕಳಿಸಿತು. 1967ರ ಆಗಸ್ಟ್‌ನಲ್ಲಿ ಆರು ತಿಂಗಳ ಮಟ್ಟಿಗೆಂದು ವಾಪಸ್ ಕರೆಯಿತು. ಕೊಬಾಲ್ ಎಂಬ ಹೆಸರಿನಲ್ಲಿ ಒಂದೊಂದು ಕಂಪನಿಯ ಕಂಪೈಲರ್ ಒಂದೊಂದು ರೀತಿ ನಡೆದುಕೊಳ್ಳುತ್ತಿತ್ತು. ಅವನ್ನು ಪರೀಕ್ಷಿಸುವ ಪ್ರೋಗ್ರಾಮುಗಳನ್ನು ಗ್ರೇಸ್ ತಂಡ ಬರೆಯಿತು. ಆ ಆರು ತಿಂಗಳು 19 ವರ್ಷಗಳಾದವು. 1969ರಲ್ಲಿ ಕಂಪ್ಯೂಟರ್ ಕ್ಷೇತ್ರದ ಸಂಘವೊಂದು ಅವರನ್ನು ವರ್ಷದ ‘ಪುರುಷ’ ಎಂದು ಗೌರವಿಸಿತು. ಪ್ರಶಸ್ತಿಯ ಹೆಸರು ಬದಲಿಸಬೇಕೆಂದು ಯಾರಿಗೂ ತೋಚಲಿಲ್ಲವೋ ಏನೋ. ಭಾಷಣಗಳಿಗೆ ಹೋದಲ್ಲೆಲ್ಲ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೊಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಕ್ರಮಿಸಬಹುದಾದ ಗರಿಷ್ಠ ದೂರ ಅದು. ಉಪಗ್ರಹದ ಮೂಲಕ ಸಂದೇಶ ಕಳಿಸಲು ಯಾಕಿಷ್ಟು ತಡ ಎಂದು ಕೇಳುವ ಅಡ್ಮಿರಲ್‌ಗಳಿಗೂ ಅದನ್ನೇ ಕೈಗೆ ಕೊಡುತ್ತಿದ್ದರು. ಮೇಡಂ ಕೊನೆಯವರೆಗೂ ಮೇಡಂ ಆಗಿಯೇ ಇದ್ದರು.

1986ರ ಆಗಸ್ಟ್ 14ರಂದು, ಬಾಸ್ಟನ್‌ನಲ್ಲಿ ನಿಂತಿದ್ದ ‘ಕಾನ್‌ಸ್ಟಿಟ್ಯೂಷನ್’ ಎಂಬ ಹಳೆಯ ಯುದ್ಧನೌಕೆಯ ಮೇಲೆ ರಿಯರ್ ಅಡ್ಮಿರಲ್ ಗ್ರೇಸ್ ಹಾಪರ್ ಮತ್ತೆ ನಿವೃತ್ತರಾದರು. ಆಗ ವಯಸ್ಸು 79. ಮನೆಯಲ್ಲಿ ಕೂರಲಿಲ್ಲ, ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಗೆ ಸಲಹೆಗಾರರಾಗಿ ಸೇರಿದರು. 1992ರ ಜನವರಿ 1ರಂದು ತೀರಿಕೊಂಡರು. ಐದು ವರ್ಷಗಳ ನಂತರ ಅಮೆರಿಕದ ನೌಕಾಪಡೆ ಹೊಸ ಯುದ್ಧನೌಕೆಯೊಂದಕ್ಕೆ ಹಾಪರ್ ಎಂದು ಹೆಸರಿಟ್ಟು ಸೇವೆಗೆ ಇಳಿಸಿತು. ಹಡಗಿನ ಸಂಖ್ಯೆ 70. ಪತಂಗ ಸಿಕ್ಕಿಕೊಂಡಿದ್ದ ರಿಲೇಯ ಸಂಖ್ಯೆಯೂ 70 ಎಂದು ಲಾಗ್ ಪುಸ್ತಕದಲ್ಲಿದೆ. ಕಾಕತಾಳೀಯವೇ ಇರಬೇಕು.