ಎರಡು ಸಲ ಫೇಲಾದವರ ಮಾತ್ರೆ

ಕಳೆದ ಮಳೆಗಾಲದಲ್ಲಿ ಅಡಿಕೆ ತೋಟದ ಕಣಿಯಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದ ಅಪ್ಪನಿಗೆ ಇಲಿಜ್ವರ ಬಂತು. ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ಮೂರನೇ ದಿನ ಜ್ವರ ಬಿಟ್ಟಿತು, ಅಪ್ಪ ಮಾತ್ರೆಯನ್ನೂ ಬಿಟ್ಟರು. ಇನ್ನೊಮ್ಮೆ ಜ್ವರ ಬಂದರೆ ಇರಲಿ ಎಂದು ಉಳಿದದ್ದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರು. ಆ ಮಾತ್ರೆಯ ಮೂಲ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದವರು ಯಲ್ಲಾಪ್ರಗಡ ಸುಬ್ಬರಾವ್.

1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದವರು. ಮೆಟ್ರಿಕ್‌ನಲ್ಲಿ ಎರಡು ಸಲ ಫೇಲ್. ಮೂರನೇ ಸಲ ಪಾಸಾಗಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಅಲ್ಲಿ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ಉಟ್ಟದ್ದು ಇಂಗ್ಲಿಷ್ ಪ್ರಾಧ್ಯಾಪಕರ ಕಣ್ಣು ಕೆಂಪಾಗಿಸಿತು. ಚೆನ್ನಾಗಿ ಬರೆದಿದ್ದರೂ ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಕೈಗೆ ಬಂತು. ಅದನ್ನೇ ಹಿಡಿದು ಅಮೆರಿಕಕ್ಕೆ ಹೋದರು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ಹೊಟ್ಟೆ ಹೊರೆದರು. 1925ರಲ್ಲಿ ಫಿಸ್ಕೆಯವರ ಜತೆ ರಕ್ತದಲ್ಲಿನ ರಂಜಕ ಅಳೆಯುವ ವಿಧಾನ ಪ್ರಕಟಿಸಿದರು. ಆದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಹೆಸರು ಬಾರದ ನಮ್ಮಂಥವರಿಗೆ ಈ ಭಾಗ ಓದುವಾಗ ಸಣ್ಣ ಸಮಾಧಾನ, ಸುಳ್ಳು ಹೇಳುವುದಿಲ್ಲ.

1940ರಲ್ಲಿ ಲೆಡರ್ಲಿ ಕಂಪನಿ ಸೇರಿ ಸಂಶೋಧನೆಯ ಮುಖ್ಯಸ್ಥರಾದರು. ನಮ್ಮ ಕರಾವಳಿಯಲ್ಲಿ ಆನೆಕಾಲು ರೋಗಕ್ಕೆ ಮನೆಮನೆಗೆ ಹಂಚಿದ ಡಿಇಸಿ ಮಾತ್ರೆಯೂ ಅವರ ತಂಡದ್ದೇ. ಆಗ ಪೆನಿಸಿಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳು ಬೇಕಷ್ಟಿದ್ದವು. ಅವುಗಳಿಗೂ ನಾಟುವ ಮದ್ದಿಗಾಗಿ ಊರೂರಿನ ಮಣ್ಣು ತರಿಸಿ, ಅದರೊಳಗಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಒಂದೊಂದನ್ನೂ ರೋಗಾಣುವಿನ ಎದುರು ನಿಲ್ಲಿಸಿ ನೋಡಿದರು. ಮಿಸೌರಿ ವಿಶ್ವವಿದ್ಯಾಲಯದ ಹೊಲದ ಮಣ್ಣಿನಲ್ಲಿ ಬಂಗಾರದ ಬಣ್ಣದ ಜೀವಿಯೊಂದು ಸಿಕ್ಕಿತು. ಅದನ್ನು ಗುರುತಿಸಿದವರು ನಿವೃತ್ತಿಯ ನಂತರ ಅಲ್ಲಿ ಕೆಲಸಕ್ಕೆ ಸೇರಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್, ಎಪ್ಪತ್ತು ದಾಟಿದವರು! ಅದರಿಂದ ಬಂದ ಔರಿಯೊಮೈಸಿನ್ 1948ರಲ್ಲಿ ಲೋಕಕ್ಕೆ ತಿಳಿಯಿತು. ಟೆಟ್ರಾಸೈಕ್ಲಿನ್ ವಂಶದ ಮೊದಲನೆಯದು. ಅಪ್ಪನ ಡಾಕ್ಸಿಸೈಕ್ಲಿನ್ ಅದರದೇ ಸಂತತಿ. ಅದೇ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ, ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು.

ಮುಂದಿನದ್ದನ್ನು ಅವರು ನೋಡಲಿಲ್ಲ. 1950ರ ಹೊತ್ತಿಗೆ, ಬೇಗ ಬೆಳೆಯುತ್ತವೆಂದು ಅದೇ ಮದ್ದನ್ನು ಕೋಳಿ, ಹಂದಿಗಳ ಆಹಾರಕ್ಕೆ ಬೆರೆಸತೊಡಗಿದರು. ಜನರೂ ಬೇಕಾದಾಗ ನುಂಗಿದರು, ಬೇಡವಾದಾಗ ಬಿಟ್ಟರು. ಬ್ಯಾಕ್ಟೀರಿಯಾಗಳು ಪಾಠ ಕಲಿತವು. ಕೆಲವು ತಮ್ಮ ಪೊರೆಯಲ್ಲಿ ಪಂಪ್ ಕೂರಿಸಿಕೊಂಡಿವೆ. ಕಣಿಗೆ ನುಗ್ಗಿದ ನೀರನ್ನು ನಾವು ಎತ್ತಿ ಚೆಲ್ಲುವ ಹಾಗೆ, ಒಳಬಂದ ಮದ್ದನ್ನು ಅವು ಹೊರಗೆ ಎಸೆಯುತ್ತವೆ. ಮೆಕ್ಯಾನಿಕಲ್ ಓದುವ ನನಗೆ ಇದಕ್ಕಿಂತ ಚುರುಕಾದ ಪಂಪ್ ಲ್ಯಾಬಿನಲ್ಲಿ ಸಿಕ್ಕಿಲ್ಲ.

ಇದನ್ನೆಲ್ಲ ಅಪ್ಪನಿಗೆ ಹೇಳಿ ಕ್ಯಾಲೆಂಡರಿನ ಹಿಂದಿನ ಮಾತ್ರೆಗಳನ್ನು ತೆಗೆದೆ. ಅಪ್ಪ ಪಂಪಿನ ಬಗ್ಗೆ ಏನೂ ಕೇಳಲಿಲ್ಲ. ಅಷ್ಟು ದೊಡ್ಡ ಮನುಷ್ಯ ನಿಜವಾಗಿ ಎರಡು ಸಲ ಫೇಲಾಗಿದ್ದನಾ ಎಂದಷ್ಟೇ ಕೇಳಿದರು. ಹೌದು ಎಂದೆ. ಮೂರು ತಿಂಗಳಿಂದ ಮುಚ್ಚಿಟ್ಟಿದ್ದ ನನ್ನ ಗಣಿತದ ಬ್ಯಾಕ್‌ಲಾಗ್ ವಿಷಯವನ್ನೂ ಅದೇ ಉಸಿರಿನಲ್ಲಿ ಹೇಳಿಬಿಟ್ಟೆ.